ಒಬ್ಬನೇ ಗಿರಾಕಿಗಾಗಿ ತೆರೆದ ಅಂಗಡಿ: ಸಿಐಎ ಮೊದಲ ಏಳು ವರ್ಷ ಕೊಟ್ಟ ಸೇವೆ ಹೇಗಿತ್ತು?

ವಿಮರ್ಶೆಯ ವಸ್ತು: ಅಮೆರಿಕದ ಕೇಂದ್ರ ಗುಪ್ತಚರ ಸೇವೆ. ಅವಧಿ: 1946ರ ಜನವರಿಯಿಂದ 1953ರ ಜನವರಿವರೆಗೆ. ಗಿರಾಕಿ: ಅಧ್ಯಕ್ಷ ಹ್ಯಾರಿ ಟ್ರೂಮನ್. ಪತ್ತೇದಾರಿ ರೋಚಕತೆಯನ್ನು ಪಕ್ಕಕ್ಕಿಟ್ಟು, ದುಡ್ಡು ಕೊಟ್ಟು ತರಿಸಿಕೊಂಡ ಯಾವುದೇ ಸೇವೆಯನ್ನು ತೂಗುವ ಹಾಗೆ ಇದನ್ನೂ ತೂಗಬಹುದು. ಕೇಳಿದ್ದೇನು, ಬಂದದ್ದೇನು, ಎಲ್ಲಿ ಕೈಕೊಟ್ಟಿತು?

ಕೇಳಿದ್ದು ಬಹಳ ಸರಳ. 1945ರ ಏಪ್ರಿಲ್‌ನಲ್ಲಿ ಅಧಿಕಾರಕ್ಕೆ ಬಂದ ಟ್ರೂಮನ್ ಮೇಜಿನ ಮೇಲೆ ವಿದೇಶಾಂಗ, ಯುದ್ಧ, ನೌಕಾ ಇಲಾಖೆಗಳಿಂದ ದಿನಾ ಕಾಗದದ ರಾಶಿ ಬೀಳುತ್ತಿತ್ತು. ಒಂದು ಹೇಳಿದ್ದಕ್ಕೆ ಇನ್ನೊಂದು ಉಲ್ಟಾ. ಇವನ್ನೆಲ್ಲ ಸೋಸಿ, ಒಂದೇ ಕಾಗದ ಮಾಡಿ ಕೊಡುವವರು ಅವರಿಗೆ ಬೇಕಿತ್ತು. ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನ್ ಹಠಾತ್ತನೆ ಎರಗಿದ ಪೆಟ್ಟು ಇನ್ನೂ ಹಸಿಯಾಗಿತ್ತು. 1941ರಲ್ಲಿ ಜಪಾನಿನ ರಾಜತಾಂತ್ರಿಕ ಸಂಕೇತಗಳನ್ನು ಅಮೆರಿಕ ಒಡೆದು ಓದುತ್ತಲೇ ಇತ್ತು. ಆದರೆ ಯಾರು ಓದಬೇಕೆಂಬ ಜಗಳ ಬಗೆಹರಿಯದೆ ಸಮ ಸಂಖ್ಯೆಯ ತಾರೀಖು ಭೂಸೇನೆಗೆ, ಬೆಸ ತಾರೀಖು ನೌಕಾಪಡೆಗೆ ಎಂದು ಹಂಚಿಕೊಂಡಿದ್ದರು! ತುಣುಕುಗಳು ಕೈಯಲ್ಲಿದ್ದವು, ಜೋಡಿಸುವ ಕೈ ಇರಲಿಲ್ಲ.

ಜೋಡಿಸಲು ಬೇಕಾದ ಸಾಮಗ್ರಿ ಯುದ್ಧ ಮುಗಿದಾಗ ಸಿದ್ಧವೇ ಇತ್ತು. ವಿಲಿಯಂ ಡೊನೊವನ್ ಕಟ್ಟಿದ್ದ ಯುದ್ಧಕಾಲದ ಗುಪ್ತಚರ ಸಂಸ್ಥೆ ಓಎಸ್‌ಎಸ್‌ನಲ್ಲಿ ಬೇಹುಗಾರರೂ ಇದ್ದರು, ಬಂದ ಸುದ್ದಿಯನ್ನು ಅಳೆದು ಬರೆಯುವ ಪ್ರಾಧ್ಯಾಪಕರೂ ಇದ್ದರು. ಇದನ್ನೇ ಶಾಂತಿಕಾಲಕ್ಕೂ ಮುಂದುವರಿಸೋಣ ಎಂದು ಡೊನೊವನ್ 1944ರ ನವೆಂಬರ್ 18ರಂದೇ ಆಗಿನ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಬರೆದು ಕೊಟ್ಟಿದ್ದರು. ಆ ಟಿಪ್ಪಣಿ 1945ರ ಫೆಬ್ರವರಿಯಲ್ಲಿ ಪತ್ರಿಕೆಗೆ ಸೋರಿತು, 'ಅಮೆರಿಕಕ್ಕೂ ಒಂದು ಗೆಸ್ಟಾಪೋ' (ಹಿಟ್ಲರನ ರಹಸ್ಯ ಪೊಲೀಸ್) ಎಂಬ ಬೊಬ್ಬೆ ಎದ್ದಿತು. ಟ್ರೂಮನ್ ಸೆಪ್ಟೆಂಬರ್ 20ರಂದು ಓಎಸ್‌ಎಸ್ ಮುಚ್ಚುವ ಆದೇಶಕ್ಕೆ ಸಹಿ ಹಾಕಿದರು. ಅಕ್ಟೋಬರ್ 1ರಿಂದ ಜಾರಿ. ಪ್ರಾಧ್ಯಾಪಕರು ವಿದೇಶಾಂಗ ಇಲಾಖೆಗೆ, ಬೇಹುಗಾರರು ಯುದ್ಧ ಇಲಾಖೆಗೆ.

ಮುಂದಿನ ಬಹುಪಾಲು ತೊಂದರೆಯ ಬೇರು ಇರುವುದು ಈ ಹತ್ತು ದಿನಗಳಲ್ಲಿ. ಸುದ್ದಿ ತರುವವನೂ ಅದನ್ನು ಅಳೆಯುವವನೂ ಒಂದೇ ಸೂರಿನಡಿ ಇದ್ದರೆ 'ಇದು ಸಾಲದು, ಅದನ್ನು ತಾ' ಎಂದು ಹೇಳಿಸಬಹುದು. ಬೇರೆ ಬೇರೆ ಇಲಾಖೆಗೆ ಹೋದ ಮೇಲೆ ಆ ಮಾತಿಗೂ ಕಡತ ಏಳಬೇಕು. ಸಾಲದ್ದಕ್ಕೆ ವಿದೇಶಾಂಗ ಇಲಾಖೆಯ ಹಳಬರಿಗೆ ಈ ಹೊಸಬರು ಬೇಡವಾಗಿದ್ದರು. ಬಂದ ತಂಡವನ್ನು ಕೆಲವೇ ತಿಂಗಳಲ್ಲಿ ಒಡೆದು ಹಂಚಿದರು.

ನಾಲ್ಕು ತಿಂಗಳೂ ತುಂಬಿರಲಿಲ್ಲ, 1946ರ ಜನವರಿ 22ರಂದು ಟ್ರೂಮನ್ ಒಂದು ಪತ್ರ ಬರೆದು ಕೇಂದ್ರ ಗುಪ್ತಚರ ಗುಂಪು, ಅಂದರೆ ಸಿಐಜಿ, ಹುಟ್ಟುಹಾಕಿದರು. ಎರಡು ದಿನ ಬಿಟ್ಟು ಶ್ವೇತಭವನದ ಊಟಕ್ಕೆ ಬಂದವರಿಗೆ ಕರಿ ನಿಲುವಂಗಿ, ಕರಿ ಟೋಪಿ, ಮರದ ಕಠಾರಿ ಹಂಚಿ ತಮಾಷೆಯನ್ನೂ ಮಾಡಿದರು. ಮೊದಲ ನಿರ್ದೇಶಕ ಸಿಡ್ನಿ ಸೌವರ್ಸ್ ನೌಕಾಪಡೆಯ ಮೀಸಲು ಅಡ್ಮಿರಲ್, ವೃತ್ತಿಯಲ್ಲಿ ವ್ಯಾಪಾರಿ. 1920ರ ದಶಕದಲ್ಲಿ ಪಿಗ್ಲಿ ವಿಗ್ಲಿ ಎಂಬ ದಿನಸಿ ಅಂಗಡಿಗಳ ಸರಣಿಯನ್ನು ನಡೆಸಿದವರು. ಗಿರಾಕಿಯೇ ಕಪಾಟಿನಿಂದ ಸಾಮಾನು ಎತ್ತಿಕೊಳ್ಳುವ ಪದ್ಧತಿಯನ್ನು ಚಾಲ್ತಿಗೆ ತಂದ ಅಂಗಡಿ ಅದು. ಇಲ್ಲಿ ಮಾತ್ರ ಕಪಾಟೇ ಖಾಲಿ.

ಸಿಐಜಿಗೆ ಸ್ವಂತ ಬಜೆಟ್ ಇರಲಿಲ್ಲ, ಸ್ವಂತ ನೌಕರರೂ ಇರಲಿಲ್ಲ. ಹಣ, ಜನ ಎರಡೂ ಮೂರು ಇಲಾಖೆಗಳಿಂದ ಎರವಲು. ನಿಯೋಜನೆ ಮೇಲೆ ಬಂದವರ ನಿಷ್ಠೆ ಎಲ್ಲಿರುತ್ತದೆ ಎಂಬುದು ನಮ್ಮ ಸರ್ಕಾರಿ ಕಚೇರಿ ಕಂಡವರಿಗೆ ಗೊತ್ತೇ ಇದೆ: ಬಡ್ತಿ ಕೊಡುವವನು ಹಳೆಯ ಇಲಾಖೆಯಲ್ಲಿ ಕೂತಿರುತ್ತಾನೆ. ಮೇಲೆ ಮೂರು ಇಲಾಖೆಗಳ ಮುಖ್ಯಸ್ಥರು ಮತ್ತು ಅಧ್ಯಕ್ಷರ ಪ್ರತಿನಿಧಿ ಅಡ್ಮಿರಲ್ ಲೇಹಿ ಸೇರಿ ಒಂದು ಪ್ರಾಧಿಕಾರ. ಅಂದರೆ ಯಾರ ಕಾಗದಗಳನ್ನು ಸೋಸಬೇಕಿತ್ತೋ ಅವರೇ ಸೋಸುವವನ ಯಜಮಾನರು. ಇದಕ್ಕೆ ಕಾನೂನಿನ ಗಡುವು ಬೇರೆ. ಅಧ್ಯಕ್ಷರ ಆದೇಶದಿಂದ ಹುಟ್ಟಿದ ಸಂಸ್ಥೆ ಒಂದು ವರ್ಷ ಮೀರಿದರೆ, ಸಂಸತ್ತು ಪ್ರತ್ಯೇಕವಾಗಿ ಹಣ ಮಂಜೂರು ಮಾಡದ ಹೊರತು ಅದಕ್ಕೆ ಇತರ ಇಲಾಖೆಗಳ ದುಡ್ಡು ಬಳಸುವಂತಿಲ್ಲ ಎಂಬ ನಿಯಮ 1944ರಿಂದ ಜಾರಿಯಲ್ಲಿತ್ತು. ಕಾಯ್ದೆ ತರುವ ಅವಸರಕ್ಕೆ ಶೀತಲ ಸಮರದಷ್ಟೇ ಈ ಲೆಕ್ಕಪತ್ರದ ನಿಯಮವೂ ಕಾರಣ.

ಇನ್ನು ಸರಕು. 'ಡೈಲಿ ಸಮ್ಮರಿ' ಎಂಬ ದಿನದ ಸಾರಾಂಶದ ಮೊದಲ ಸಂಚಿಕೆ 1946ರ ಫೆಬ್ರವರಿ 15ರಂದು ಬಂತು. ಹೊರಡುವ ಮೊದಲೇ ವಿದೇಶಾಂಗ ಕಾರ್ಯದರ್ಶಿ ಬರ್ನ್ಸ್, ಅಧ್ಯಕ್ಷರಿಗೆ ವಿದೇಶದ ಸಂಗತಿ ತಿಳಿಸುವುದು ತನ್ನ ಕೆಲಸ ಎಂದು ತಕರಾರು ತೆಗೆದಿದ್ದರು. ರಾಜಿ ಹೇಗಾಯಿತು ನೋಡಿ: ವಿದೇಶಾಂಗ ಇಲಾಖೆ ತನ್ನದೊಂದು ದೈನಿಕ ಸಾರಾಂಶ ಕಳಿಸುತ್ತಲೇ ಇರುತ್ತದೆ, ಸಿಐಜಿಯೂ ಕಳಿಸುತ್ತದೆ, ಆದರೆ ಸಿಐಜಿ ತನ್ನ ವ್ಯಾಖ್ಯಾನ ಸೇರಿಸುವಂತಿಲ್ಲ. ಹತ್ತು ಕಾಗದ ಒಂದಾಗಲಿ ಎಂದು ಕೇಳಿದವರ ಮೇಜಿಗೆ ಹನ್ನೊಂದನೆಯದು ಬಂದು ಬಿತ್ತು. ಆ ಹನ್ನೊಂದನೆಯದರಲ್ಲಾದರೂ ಹೊಸತೇನಿತ್ತು? 1949ರ ಜನವರಿಯಲ್ಲಿ ಆಲನ್ ಡಲ್ಲೆಸ್ ಮತ್ತಿಬ್ಬರು ಕೊಟ್ಟ ತನಿಖಾ ವರದಿಯ ಪ್ರಕಾರ ಅದರ ಸುಮಾರು ನೂರಕ್ಕೆ 90 ಪಾಲು ವಿದೇಶಾಂಗ ಇಲಾಖೆಯ ಮೂಲಗಳಿಂದಲೇ ಎತ್ತಿದ್ದು. ಹಾಗಿದ್ದೂ ಟ್ರೂಮನ್ ಅದನ್ನು ಇಷ್ಟಪಟ್ಟು ಓದುತ್ತಿದ್ದರು. ಗಿರಾಕಿಗೆ ತೃಪ್ತಿಯಾದ ಮಾತ್ರಕ್ಕೆ ಸರಕು ಒಳ್ಳೆಯದೆಂದಲ್ಲ. ಚಿಕ್ಕದಾಗಿದೆ, ಹೊತ್ತಿಗೆ ಸರಿಯಾಗಿ ಬರುತ್ತದೆ ಎಂಬುದೇ ಸಾಕಾಗುವುದುಂಟು.

ರಾಷ್ಟ್ರೀಯ ಭದ್ರತಾ ಕಾಯ್ದೆಗೆ 1947ರ ಜುಲೈ 26ರಂದು ಸಹಿ ಬಿತ್ತು. ಸೆಪ್ಟೆಂಬರ್ 18ರಂದು ಸಿಐಜಿ ಹೋಗಿ ಸಿಐಎ ಬಂತು. 102ನೇ ಕಲಮು ಸಂಸ್ಥೆಗೆ ಐದು ಕೆಲಸ ಒಪ್ಪಿಸಿತು. ಮೊದಲ ನಾಲ್ಕು ನಿರುಪದ್ರವಿ: ಅಧ್ಯಕ್ಷರ ನೇತೃತ್ವದ ರಾಷ್ಟ್ರೀಯ ಭದ್ರತಾ ಮಂಡಳಿಗೆ ಸಲಹೆ, ಸಮನ್ವಯಕ್ಕೆ ಶಿಫಾರಸು, ಮಾಹಿತಿಯನ್ನು ತಾಳೆ ನೋಡಿ ಹಂಚುವುದು, ಎಲ್ಲ ಇಲಾಖೆಗೂ ಬೇಕಾದ ಸಾಮಾನ್ಯ ಸೇವೆ. ಐದನೆಯದು, ಗುಪ್ತಚರಕ್ಕೆ ಸಂಬಂಧಿಸಿದಂತೆ ಮಂಡಳಿ ಆಗಾಗ ಹೇಳುವ 'ಇತರ ಕೆಲಸಗಳು'. ನಮ್ಮ ನೇಮಕಾತಿ ಆದೇಶಗಳ ಕೊನೆಗೆ 'ಮೇಲಧಿಕಾರಿಗಳು ವಹಿಸುವ ಇತರೆ ಕೆಲಸಗಳು' ಎಂದಿರುತ್ತದಲ್ಲ, ಅದರದೇ ಅಣ್ಣ. ಗೆಸ್ಟಾಪೋ ಬೊಬ್ಬೆಗೆ ಉತ್ತರವಾಗಿ ಪೊಲೀಸ್ ಅಧಿಕಾರವಾಗಲಿ ಆಂತರಿಕ ಭದ್ರತೆಯ ಕೆಲಸವಾಗಲಿ ಇಲ್ಲ ಎಂದೂ ಬರೆದರು. ಕಾಯ್ದೆಯ ಅತ್ಯುತ್ತಮ ಸಾಲು ಅದೇ, 1970ರ ದಶಕದ ಸಂಸದೀಯ ತನಿಖೆಗಳಲ್ಲಿ ಮುರಿದು ಬಿದ್ದದ್ದು ಗೊತ್ತಾದದ್ದೂ ಅದೇ.

ಈ ಐದನೇ ಬಾಗಿಲಿನಿಂದ ಒಳಬಂದದ್ದು ಗುಪ್ತ ಕಾರ್ಯಾಚರಣೆ. ಸಂಸ್ಥೆಯ ವಕೀಲ ಲಾರೆನ್ಸ್ ಹ್ಯೂಸ್ಟನ್ ಕಾಯ್ದೆ ಜಾರಿಯಾದ ಒಂದೇ ವಾರದಲ್ಲಿ, ರಹಸ್ಯ ಪ್ರಚಾರದಂಥ ಕೆಲಸಕ್ಕೆ ಈ ಪಠ್ಯ ಅಧಿಕಾರ ಕೊಡುವುದಿಲ್ಲ ಎಂದು ನಿರ್ದೇಶಕ ಹಿಲೆನ್‌ಕೊಟರ್‌ಗೆ ಬರೆದು ಕೊಟ್ಟರು. ಡಿಸೆಂಬರ್ ಹೊತ್ತಿಗೆ ಮಂಡಳಿ ಆ ಕೆಲಸವನ್ನೇ ಒಪ್ಪಿಸಿತು, ಕಣ್ಣೆದುರು ಕಮ್ಯುನಿಸ್ಟರು ಗೆದ್ದಾರು ಎಂಬ ಭಯದ ಇಟಲಿಯ ಚುನಾವಣೆ ಇತ್ತು. 1948ರ ಜೂನ್ 18ರ 10/2 ಸಂಖ್ಯೆಯ ಆದೇಶ ಇದಕ್ಕೆಂದೇ ಫ್ರಾಂಕ್ ವಿಸ್ನರ್ ನಡೆಸಿದ ಕಚೇರಿಯೊಂದನ್ನು ಹುಟ್ಟಿಸಿತು. ಹೆಸರು ನೀತಿ ಸಮನ್ವಯ ಕಚೇರಿ, ಅಂದರೆ ಓಪಿಸಿ. ಸಂಬಳ ಸಿಐಎಯದು, ಕಟ್ಟಡ ಸಿಐಎಯದು, ಮುಖ್ಯಸ್ಥನನ್ನು ಆರಿಸುವುದು ಮಾತ್ರ ವಿದೇಶಾಂಗ ಕಾರ್ಯದರ್ಶಿ. 1949ರಲ್ಲಿ ಇಲ್ಲಿ 302 ಜನ, ಹೊರದೇಶದಲ್ಲಿ 7 ಠಾಣ್ಯ, 47 ಲಕ್ಷ ಡಾಲರ್ ಬಜೆಟ್. 1952ರಲ್ಲಿ 2,812 ಜನ, ಜೊತೆಗೆ ಗುತ್ತಿಗೆಯ ಮೇಲೆ ಹೊರದೇಶದಲ್ಲಿ 3,142 ಜನ, 47 ಠಾಣ್ಯ, 8.2 ಕೋಟಿ ಡಾಲರ್. ಮಂತ್ರಕ್ಕಿಂತ ಉಗುಳೇ ಜಾಸ್ತಿ ಎನ್ನುವುದು ಇದಕ್ಕೇ. ಇಷ್ಟು ಹಣ ಸಲೀಸಾಗಿ ಹರಿಯುವಂತೆ ಮಾಡಿದ್ದು 1949ರ ಸಿಐಎ ಕಾಯ್ದೆ: ನಿರ್ದೇಶಕರ ಸಹಿಯೊಂದಿದ್ದರೆ ಸಾಕು, ವೋಚರ್ ಬೇಕಿಲ್ಲ; ನೌಕರರ ಸಂಖ್ಯೆ, ಹುದ್ದೆ, ಸಂಬಳ ಹೊರಗೆ ಹೇಳಬೇಕಿಲ್ಲ.

ಇಲ್ಲಿ ನಮ್ಮ 'ರಾ' ನೆನಪಾಗುತ್ತದೆ. 1962 ಮತ್ತು 1965ರ ಯುದ್ಧಗಳ ಪಾಠದಿಂದ 1968ರ ಸೆಪ್ಟೆಂಬರ್ 21ರಂದು ಅದು ಹುಟ್ಟಿದ್ದು ಕೂಡಿಸಿ ಅಲ್ಲ, ಗುಪ್ತಚರ ದಳದಿಂದ ವಿದೇಶಿ ವಿಭಾಗವನ್ನು ಕತ್ತರಿಸಿ. ಅದರ ಮೊದಲ ಮುಖ್ಯಸ್ಥ ಕಾವ್ ಅವರ ಕೈಗೆ ಪಳಗಿದ ಕೈಗಳೇ ಸಿಕ್ಕಿದ್ದರಿಂದ ಶುರುವಿನ ತೊಡಕು ಕಡಿಮೆ. ಆದರೆ ಅದಕ್ಕೆ ಸಂಸತ್ತಿನ ಕಾಯ್ದೆಯೇ ಇಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಯಲ್ಲೂ ಹೆಸರಿದೆ, ಹಾಗಾಗಿ ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪ ಬಿಟ್ಟು ಬೇರೇನನ್ನೂ ಕೇಳುವಂತಿಲ್ಲ. ಅಮೆರಿಕದವರ ಐದನೇ ಬಾಗಿಲು ಕೆಟ್ಟದ್ದೇ ಇರಬಹುದು, ಅದು ಎಲ್ಲಿದೆ ಎಂದು ಬೊಟ್ಟು ಮಾಡಿ ತೋರಿಸಲಾದರೂ ಬರುತ್ತದೆ.

ಮುಖ್ಯ ಸರಕಿನ ಗುಣಮಟ್ಟ ತಿಳಿಯಬೇಕಾದರೆ ಮೂರು ದಾಖಲೆ ತೆಗೆದು ನೋಡಬೇಕು. ಮೊದಲನೆಯದು 1949ರ ಸೆಪ್ಟೆಂಬರ್ 20ರದು. ಸೋವಿಯತ್ ಅಣುಬಾಂಬ್ ಬೇಗ ಎಂದರೆ 1950ರ ಮಧ್ಯಕ್ಕೆ, ಹೆಚ್ಚು ಸಂಭವ 1953ರ ಮಧ್ಯಕ್ಕೆ ಎನ್ನುತ್ತದೆ. ಬಾಂಬ್ ಆಗಸ್ಟ್ 29ರಂದೇ ಸಿಡಿದಿತ್ತು. ಸೆಪ್ಟೆಂಬರ್ 3ರಂದು ವಾಯುಪಡೆಯ ವಿಮಾನ ಅದರ ವಿಕಿರಣದ ಧೂಳನ್ನು ಹಿಡಿದೂ ಆಗಿತ್ತು. ಆ ಅಂದಾಜಿನ ಮೂರು ದಿನದ ನಂತರ, 23ಕ್ಕೆ, ಟ್ರೂಮನ್ನರೇ ಅದನ್ನು ಜಗತ್ತಿಗೆ ಸಾರಿದರು. ಹದಿನೇಳು ದಿನ ಒಂದೇ ಸರ್ಕಾರದಲ್ಲಿ ಸಾಕ್ಷ್ಯವೂ ಅಂದಾಜೂ ಒಂದರ ಪಕ್ಕ ಒಂದು ನಡೆದವು, ಸೇರಲಿಲ್ಲ. ಎರಡನೆಯದು ಸಿಐಎಯ ವರದಿ ಮತ್ತು ಅಂದಾಜು ಕಚೇರಿಯ ಓಆರ್‌ಇ 18-50, ಉತ್ತರ ಕೊರಿಯಾ ಬಗ್ಗೆ, 1950ರ ಜೂನ್ 19ರದು. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ವಶಪಡಿಸಿಕೊಳ್ಳುವಷ್ಟು ಶಕ್ತಿ ಅವರಿಗಿದೆ ಎಂದು ಸರಿಯಾಗಿಯೇ ಹೇಳುತ್ತದೆ, ದಾಳಿ ಬರುತ್ತದೆ ಎಂದು ಹೇಳುವುದಿಲ್ಲ. ಒಳಗಿನ ಮಾಹಿತಿ ಮೇ 15ರವರೆಗಿನದು, ಅಚ್ಚಾಗಿ ಹೊರಬರಲು ಐದು ವಾರ. ದಾಳಿ ಜೂನ್ 25ಕ್ಕೆ ನಡೆಯಿತು.

ಮೂರನೆಯದು ಹೆಚ್ಚು ಚುಚ್ಚುತ್ತದೆ. ಅಕ್ಟೋಬರ್ 12ರ ಅಂದಾಜು, ಚೀನಾ ಪೂರ್ಣ ಪ್ರಮಾಣದಲ್ಲಿ ಯುದ್ಧಕ್ಕಿಳಿಯುವುದು 1950ರಲ್ಲಿ ಸಂಭವವಿಲ್ಲ ಎಂದಿತು. ಅದಕ್ಕೂ ಒಂಬತ್ತು ದಿನ ಮೊದಲು, ಅಕ್ಟೋಬರ್ 3ರ ನಡುರಾತ್ರಿಯ ಬಳಿಕ, ಚೀನಾದ ಪ್ರಧಾನಿ ಚೌ ಎನ್‌ಲೈ ಪೀಕಿಂಗ್‌ನಲ್ಲಿ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿ, ಅಮೆರಿಕನ್ನರು ಎರಡು ಕೊರಿಯಾಗಳ ನಡುವಿನ ಗಡಿಯಾದ 38ನೇ ಅಕ್ಷಾಂಶ ದಾಟಿದರೆ ಚೀನಾ ಬರುತ್ತದೆ ಎಂದು ಹೇಳಿ ಕಳಿಸಿದ್ದರು. ಮಾತು ವಾಷಿಂಗ್ಟನ್ ತಲುಪಿತು. ಪಣಿಕ್ಕರ್ ಚೀನಾದ ಪರ ಎಂಬ ಗುಮಾನಿಯಲ್ಲಿ ಬೆಲೆ ಸಿಗಲಿಲ್ಲ. ಅಕ್ಟೋಬರ್ 19ರಿಂದ ಚೀನೀ ಸೇನೆ ಕೊರಿಯಾ ಗಡಿಯ ಯಾಲು ನದಿ ದಾಟತೊಡಗಿತು. ಇದನ್ನು ಸಂಗ್ರಹದ ದೋಷ ಎನ್ನಲಾಗದು. ಸುದ್ದಿ ಬಂದಿತ್ತು, ತೂಕದ ಕಲ್ಲು ಸರಿಯಿರಲಿಲ್ಲ.

ರಿಪೇರಿಗೆ ಬಂದವರು ಹೊಸ ನಿರ್ದೇಶಕ ಜನರಲ್ ವಾಲ್ಟರ್ ಬೆಡೆಲ್ ಸ್ಮಿತ್, 1950ರ ಅಕ್ಟೋಬರ್ 7ರಂದು. ಈ ಏಳು ವರ್ಷದಲ್ಲಿ ಪೂರ್ತಿ ಅಂಕ ಕೊಡಬಹುದಾದ ಕಾಲ ಇದೊಂದೇ. ಬಂದ ವಾರದೊಳಗೆ ಓಪಿಸಿ ತನ್ನ ಮಾತು ಕೇಳಬೇಕು ಎಂದು ಇತ್ಯರ್ಥ ಮಾಡಿದರು. ದೈನಿಕ ಸುದ್ದಿಯನ್ನೂ ದೀರ್ಘ ಅಂದಾಜನ್ನೂ ಒಬ್ಬರೇ ಬರೆಯುತ್ತಿದ್ದ ದೊಡ್ಡ ಕಚೇರಿಯನ್ನು ಒಡೆದು, ಅಂದಾಜಿಗೆಂದೇ ಇತಿಹಾಸಕಾರ ವಿಲಿಯಂ ಲ್ಯಾಂಗರ್ ಕೈಕೆಳಗೆ ಒಂದು ಸಣ್ಣ ಮಂಡಳಿ ಮಾಡಿದರು. ಪ್ರಶ್ನೆಯನ್ನು ಮೊದಲು ಬರವಣಿಗೆಯಲ್ಲಿ ನಿಗದಿ ಮಾಡುವುದು. ಇಲಾಖೆಗಳಿಂದ ಅವರವರ ಪಾಲಿನ ಬರಹ ತರಿಸುವುದು. ಮಂಡಳಿ ಕರಡು ಮಾಡಿ ಇಲಾಖೆಗಳವರನ್ನು ಕೂರಿಸಿ ಸಾಲು ಸಾಲಾಗಿ ಓದುವುದು. ಕೊನೆಗೆ ಮುಖ್ಯಸ್ಥರ ಸಭೆ. ಒಪ್ಪದವನು ಕರಡನ್ನು ತಡೆಯುವಂತಿಲ್ಲ, ತನ್ನ ಭಿನ್ನಮತವನ್ನು ಅಡಿಟಿಪ್ಪಣಿಯಲ್ಲಿ ಹೆಸರು ಸಹಿತ ಹಾಕಿಸಬಹುದು. ಈ ಅಡಿಟಿಪ್ಪಣಿ ಬಹಳ ಜಾಣ ಉಪಾಯ. ಎಲ್ಲರೂ ಒಪ್ಪಲೇಬೇಕೆಂದರೆ ಮಾತು ನೀರಾಗುತ್ತದೆ, ಒಪ್ಪದವನನ್ನು ಬಿಟ್ಟರೆ ಮರುದಿನ ಅವನು ಬೇರೆ ಕಾಗದ ಹಿಡಿದು ಅಧ್ಯಕ್ಷರ ಬಾಗಿಲಿಗೆ ಹೋಗುತ್ತಾನೆ.

ಆದರೂ ಪದಗಳು ಕಾಡಿದವು. 1951ರ ಮಾರ್ಚ್‌ನ 29-51 ಸಂಖ್ಯೆಯ ಅಂದಾಜು, ಯುಗೊಸ್ಲಾವಿಯಾದ ಮೇಲೆ ಆ ವರ್ಷ ದಾಳಿಯಾಗುವುದನ್ನು 'ಗಂಭೀರ ಸಾಧ್ಯತೆ' ಎಂದು ಕರೆಯಿತು. ಹಾಗೆಂದರೆ ಎಷ್ಟು ಎಂದು ವಿದೇಶಾಂಗ ಇಲಾಖೆಯವರೊಬ್ಬರು ಅಂದಾಜು ಮಂಡಳಿಯ ಶರ್ಮನ್ ಕೆಂಟ್ ಅವರನ್ನು ಕೇಳಿದರು. ನೂರಕ್ಕೆ 65 ಎಂದರು ಕೆಂಟ್. ಕೇಳಿದವರಿಗೆ ಗಾಬರಿ, ಅವರು ತೀರ ಕಡಿಮೆ ಎಂದುಕೊಂಡಿದ್ದರು. ಕೆಂಟ್ ವಾಪಸು ಬಂದು ಅದೇ ಕಾಗದಕ್ಕೆ ಒಪ್ಪಿಗೆ ಕೊಟ್ಟ ಸಹೋದ್ಯೋಗಿಗಳನ್ನು ವಿಚಾರಿಸಿದರೆ ಉತ್ತರ 20ರಿಂದ 80ರವರೆಗೆ! ಕನ್ನಡದಲ್ಲಿ ಬರೆದಿದ್ದರೂ ಇದೇ ಗತಿ; 'ದಾಳಿ ಆಗಬಹುದು', 'ಆದೀತು', 'ಆದರೂ ಆದೀತು' ಇವಕ್ಕೆ ಯಾರಾದರೂ ಅಂಕಿ ಹಾಕಿ ನೋಡಲಿ.

ಅಂಗಡಿಗೆ ಕೊನೆಗೂ ಬಾರದ ಸರಕು ಒಂದಿದೆ: ಸಂಕೇತ ಒಡೆಯುವ ಕೆಲಸ. ಪರ್ಲ್ ಹಾರ್ಬರ್ ಜಗಳದ ಮೂಲವೇ ಅದು. 1952ರ ನವೆಂಬರ್ 4ರಂದು ಅದಕ್ಕೆ ರಾಷ್ಟ್ರೀಯ ಭದ್ರತಾ ಏಜೆನ್ಸಿ, ಅಂದರೆ ಎನ್‌ಎಸ್‌ಎ ಎಂಬ ಬೇರೆ ಸಂಸ್ಥೆ ಮಾಡಿ ರಕ್ಷಣಾ ಇಲಾಖೆಗೆ ಕೊಟ್ಟರು. ಹೆಸರಿನಲ್ಲಿ 'ಕೇಂದ್ರ' ಇದ್ದರೂ ಕೇಂದ್ರೀಕರಣ ಅಷ್ಟಕ್ಕಷ್ಟೆ.

ಖುದ್ದಾಗಿ ಪರೀಕ್ಷಿಸಲು ಇಷ್ಟವಿದ್ದರೆ 2017ರ ಜನವರಿಯಿಂದ ಸಿಐಎಯ ಆನ್‌ಲೈನ್ ವಾಚನಾಲಯದಲ್ಲಿ ಸುಮಾರು 9.3 ಲಕ್ಷ ದಾಖಲೆಗಳು ಬಿಟ್ಟಿಯಾಗಿ ಸಿಗುತ್ತವೆ. ವಿಷಯದ ಹೆಸರು ಹಾಕಿ ಹುಡುಕಿದರೆ ಹಳೆಯ ಟೈಪಿನ ಮಸುಕು ಪ್ರತಿಗಳು ಎಷ್ಟೋ ಸಲ ಸಿಕ್ಕುವುದಿಲ್ಲ. ದಾಖಲೆಯ ಸಂಖ್ಯೆ, ತಾರೀಖು ಹಾಕಬೇಕು.

ಗಿರಾಕಿಯ ಅಭಿಪ್ರಾಯವೂ ದಾಖಲಾಗಿದೆ. ಕೆನಡಿ ಹತ್ಯೆಯಾಗಿ ಸರಿಯಾಗಿ ಒಂದು ತಿಂಗಳಿಗೆ, 1963ರ ಡಿಸೆಂಬರ್ 22ರಂದು, ಟ್ರೂಮನ್ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬರೆದರು: ಮಾಹಿತಿ ಒಟ್ಟುಗೂಡಿಸಲೆಂದು ಮಾಡಿದ ಸಂಸ್ಥೆ ದಾರಿ ಬಿಟ್ಟು ಕಾರ್ಯಾಚರಣೆಗೆ ಇಳಿದಿದೆ, ಅದನ್ನು ಮೊದಲಿನ ಕೆಲಸಕ್ಕೆ ತರಬೇಕು. ದೂರು ಅರ್ಧ ಸರಿ. 10/2 ಆದೇಶ ಹೊರಟದ್ದು ಅವರ ಆಳ್ವಿಕೆಯಲ್ಲಿ, ಓಪಿಸಿ 302ರಿಂದ ಸಾವಿರಗಟ್ಟಲೆಗೆ ಏರಿದ್ದೂ ಆಗಲೇ. ಅವರು ಮೊದಲು ಕೇಳಿದ ಸೋಸುವ ಕೆಲಸವನ್ನು ಸಂಸತ್ತು 2004ರ ಡಿಸೆಂಬರ್‌ನಲ್ಲಿ ಸಿಐಎ ನಿರ್ದೇಶಕರ ಕೈಯಿಂದ ತೆಗೆದು, ರಾಷ್ಟ್ರೀಯ ಗುಪ್ತಚರ ನಿರ್ದೇಶಕ ಎಂಬ ಹೊಸ ಹುದ್ದೆಗೆ ವಹಿಸಿತು.