ಪವರ್ಡ್ ಅಪ್ ರೈಲು: ಆರು ವರ್ಷಗಳ ಬಳಕೆಯ ನಂತರ

ಲೆಗೊ ಆಟಿಕೆ ಇಟ್ಟಿಗೆಗಳ ಪವರ್ಡ್ ಅಪ್ ರೈಲನ್ನು ನಾನು ಆರು ವರ್ಷಗಳಿಂದ ಓಡಿಸುತ್ತಿದ್ದೇನೆ. ಮೊದಲು ಕೊಂಡದ್ದು 60198 ಸಂಖ್ಯೆಯ ಗೂಡ್ಸ್ ರೈಲಿನ ಸೆಟ್. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಎಂಜಿನ್ ಒಂದು ವರ್ಷವೂ ಅದೇ ರೂಪದಲ್ಲಿ ಉಳಿಯಲಿಲ್ಲ. ಅದರ ಮೋಟರು ಮತ್ತು ಹಬ್ (ಸೆಲ್‌ಗಳನ್ನು ಹೊತ್ತು, ರಿಮೋಟಿನ ಸಂಕೇತ ಪಡೆದು ಮೋಟರನ್ನು ಓಡಿಸುವ ಪೆಟ್ಟಿಗೆ) ಈಗ ನಾನು ಕಟ್ಟಿದ ನಾಲ್ಕನೆಯ ಎಂಜಿನ್ನಿನ ಒಳಗಿವೆ. ಸೆಟ್ಟನ್ನು ಪುಸ್ತಕದಲ್ಲಿರುವಂತೆ ಜೋಡಿಸಿ ಓಡಿಸುವವರಿಗೆ ಹೇಳಬೇಕಾದದ್ದು ಹೆಚ್ಚೇನಿಲ್ಲ, ಅದು ಚೆನ್ನಾಗಿಯೇ ಓಡುತ್ತದೆ. ಅದೇ ಭಾಗಗಳಿಂದ ಸ್ವಂತ ರೈಲು ಕಟ್ಟಬೇಕೆನ್ನುವವರಿಗೆ ಅವು ಎಲ್ಲಿ ಒದಗಿಬರುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಈ ಇಟ್ಟಿಗೆ ರೈಲುಗಳಿಗೆ ವಿದ್ಯುತ್ ಬಂದ ದಾರಿ ಹಲವು ಬಾರಿ ಬದಲಾಗಿದೆ. 1966ರಲ್ಲಿ 4.5 ವೋಲ್ಟಿನ ಬ್ಯಾಟರಿ ರೈಲು ಬಂತು, 1991ರಲ್ಲಿ ಲೋಹದ ಹಳಿಗಳ ಮೂಲಕವೇ 9 ವೋಲ್ಟ್ ಹರಿಸುವ ವ್ಯವಸ್ಥೆ ಬಂತು, 2009ರಲ್ಲಿ ಪವರ್ ಫಂಕ್ಷನ್ಸ್ ಎಂಬ ಹೆಸರಿನಲ್ಲಿ ಇನ್‌ಫ್ರಾರೆಡ್ ರಿಮೋಟಿನ ರೈಲು ಬಂತು, 2018ರಲ್ಲಿ ಬ್ಲೂಟೂತ್ ಬಳಸುವ ಪವರ್ಡ್ ಅಪ್ ಬಂತು. ಲೋಹದ ಹಳಿಯ ಕಾಲದಲ್ಲಿ ಸೆಲ್‌ಗಳ ಚಿಂತೆ ಇರಲಿಲ್ಲವಾದರೂ, ಹಳಿಯನ್ನು ಕುಣಿಕೆಯಂತೆ ಸುತ್ತಿಸಿ, ದಿಕ್ಕು ತಿರುಗಿಸಿ ಅದೇ ಹಳಿಗೆ ತಂದು ಸೇರಿಸಿದರೆ ಎಡಗಂಬಿ ಬಲಗಂಬಿಯನ್ನು ಮುಟ್ಟಿ ಶಾರ್ಟ್ ಸರ್ಕ್ಯೂಟ್ ಆಗುತ್ತಿತ್ತು. ಶಕ್ತಿಯೆಲ್ಲ ಎಂಜಿನ್ನಿನೊಳಗೇ ಇರುವ ಈಗಿನ ವ್ಯವಸ್ಥೆಯಲ್ಲಿ ಹಳಿಯನ್ನು ಹೇಗೆ ಬೇಕಾದರೂ ಸುತ್ತಬಹುದು. ಇನ್‌ಫ್ರಾರೆಡ್ ಕಾಲದಲ್ಲಿ ರಿಸೀವರಿನ ಕಣ್ಣು ರಿಮೋಟಿಗೆ ಕಾಣಲೆಂದು ಎಂಜಿನ್ನಿನ ಚಾವಣಿಯಲ್ಲಿ ಒಂದು ಕಿಂಡಿ ಬಿಡಲೇಬೇಕಾಗಿತ್ತು. ಬ್ಲೂಟೂತ್ ಬಂದ ಮೇಲೆ ಹಬ್ ಅನ್ನು ಪೂರ್ತಿ ಮುಚ್ಚಬಹುದು, ಸುರಂಗದೊಳಗೆ ಹೋದ ರೈಲನ್ನೂ ನಿಲ್ಲಿಸಬಹುದು. ಸ್ವಂತ ವಿನ್ಯಾಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಈ ವ್ಯವಸ್ಥೆಯಲ್ಲಿ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಹೊಸ ಪ್ಲಗ್ ಹಳೆಯದಕ್ಕಿಂತ ಬೇರೆಯಾಗಿರುವುದರಿಂದ, ಮನೆಯಲ್ಲಿ ಪವರ್ ಫಂಕ್ಷನ್ಸ್ ಮೋಟರುಗಳಿದ್ದರೆ ಅವನ್ನು ಈ ಹಬ್‌ಗೆ ನೇರವಾಗಿ ಸಿಕ್ಕಿಸಲಾಗದು.

ಹಬ್‌ಗೆ 6 ಎಎಎ ಸೆಲ್‌ಗಳು ಬೇಕು. ಸಾಮಾನ್ಯ ಆಲ್ಕಲೈನ್ ಸೆಲ್‌ಗಳಾದರೆ ಒಟ್ಟು 9 ವೋಲ್ಟ್, ಮರುಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳಾದರೆ ಒಂದೊಂದಕ್ಕೆ 1.2ರಂತೆ 7.2 ವೋಲ್ಟ್. ಹೊಸ ಆಲ್ಕಲೈನ್ ಹಾಕಿದ ದಿನ ರೈಲು ಹೆಚ್ಚು ವೇಗವಾಗಿ ಓಡುವುದು ನಿಜ, ಆದರೆ ಆ ವೇಗ ದಿನದಿಂದ ದಿನಕ್ಕೆ ಇಳಿಯುತ್ತಾ ಹೋಗುತ್ತದೆ. ಮರುಚಾರ್ಜ್ ಸೆಲ್‌ಗಳಲ್ಲಿ ಗರಿಷ್ಠ ವೇಗ ತುಸು ಕಡಿಮೆಯಾದರೂ ಸೆಲ್ ಖಾಲಿಯಾಗುವ ಹೊತ್ತಿನವರೆಗೆ ಓಟ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ನಾನು ಮೊದಲ ಮೂರು ತಿಂಗಳ ನಂತರ ಆಲ್ಕಲೈನ್ ಕೊಳ್ಳುವುದನ್ನೇ ನಿಲ್ಲಿಸಿದೆ. ಇದರ ಜೊತೆಗೆ ಇನ್ನೊಂದು ಪಾಠವನ್ನೂ ಕಲಿತೆ: ಎಂಜಿನ್ ಎಷ್ಟೇ ಸುಂದರವಾಗಿರಲಿ, ಚಾವಣಿ ಒಂದೇ ಹಿಡಿತಕ್ಕೆ ಎದ್ದು ಬರುವಂತೆ ಕಟ್ಟಬೇಕು. ನನ್ನ ಎರಡನೆಯ ಎಂಜಿನ್ನಿನಲ್ಲಿ ಸೆಲ್ ಬದಲಿಸಲು 31 ತುಂಡುಗಳನ್ನು ಕೀಳಬೇಕಾಗಿತ್ತು. ಈಗಿನದರಲ್ಲಿ ನಾಲ್ಕು ಮೂಲೆಯ ನಾಲ್ಕು ಸ್ಟಡ್‌ಗಳು (ಇಟ್ಟಿಗೆಯ ಮೇಲಿನ ಗುಬ್ಬಿಗಳು) ಮಾತ್ರ ಚಾವಣಿಯನ್ನು ಹಿಡಿದಿವೆ, ಉಳಿದ ಜಾಗದಲ್ಲೆಲ್ಲ ಸ್ಟಡ್ ಇಲ್ಲದ ನುಣುಪಾದ ಟೈಲ್‌ಗಳಿವೆ.

ಸ್ವಂತ ರೈಲು ಕಟ್ಟುವವರು ಹೆಚ್ಚು ಹೊತ್ತು ಕಳೆಯುವುದು ಭಾರ ಮತ್ತು ಘರ್ಷಣೆಯ ಲೆಕ್ಕದಲ್ಲಿ. ರೈಲು ಮೋಟರು ಎಂದರೆ ನಾಲ್ಕು ಚಕ್ರಗಳ ಒಂದು ಮುಚ್ಚಿದ ಗಾಲಿಪೆಟ್ಟಿಗೆ. ಚಕ್ರಗಳಿಗೆ ತೆಳುವಾದ ರಬ್ಬರ್ ಉಂಗುರಗಳಿವೆ, ಹಳಿಯ ಮೇಲೆ ಹಿಡಿತ ಕೊಡುವುದು ಅವೇ. ಆ ಹಿಡಿತಕ್ಕೆ ಮೇಲಿನಿಂದ ಭಾರ ಬೀಳಬೇಕು. ನನ್ನ ಎರಡನೆಯ ಎಂಜಿನ್ನಿನಲ್ಲಿ ಮೋಟರು ಮುಂದೆ, ಹಬ್ ಹಿಂದಿನ ತುದಿಯಲ್ಲಿ ಇತ್ತು. ಆರು ಬೋಗಿ ಕಟ್ಟಿ ತಿರುವಿನಲ್ಲಿ ನಿಲ್ಲಿಸಿ ಹೊರಡಿಸಿದರೆ ಮೋಟರಿನ ಚಕ್ರಗಳು ನಿಂತಲ್ಲೇ ಸುತ್ತುತ್ತಿದ್ದವು. ಮೋಟರು ಸಾಲದೆಂದು ಭಾವಿಸಿ ಎರಡನೆಯದನ್ನು ಕೊಳ್ಳುವ ಯೋಚನೆಯಲ್ಲಿದ್ದೆ. ಅದಕ್ಕೂ ಮೊದಲು ಹಬ್ ಅನ್ನು ಎತ್ತಿ ಮೋಟರಿನ ನೆತ್ತಿಯ ಮೇಲೆ ಕೂರಿಸಿ ನೋಡಿದಾಗ, ಸೆಲ್‌ಗಳದ್ದೇ ಸುಮಾರು 70 ಗ್ರಾಂ ಭಾರ ಸರಿಯಾದ ಜಾಗಕ್ಕೆ ಬಂದು, ಅದೇ ಆರು ಬೋಗಿಗಳು ಅದೇ ತಿರುವಿನಲ್ಲಿ ಸಲೀಸಾಗಿ ಹೊರಟವು.

ಬೋಗಿಗಳ ವಿಷಯದಲ್ಲೂ ಹೀಗೆಯೇ. ಲೋಹದ ಅಚ್ಚಿನ ಸಿದ್ಧ ಚಕ್ರಜೋಡಿಗಳು ಹಗುರವಾಗಿ ಉರುಳುತ್ತವೆ, ಪ್ಲಾಸ್ಟಿಕ್ ಅಚ್ಚನ್ನು ಇಟ್ಟಿಗೆಯ ರಂಧ್ರದಲ್ಲಿ ತೂರಿಸಿ ಮಾಡಿಕೊಂಡ ಚಕ್ರಗಳು ಉಜ್ಜಿಕೊಂಡು ಎಳೆಯುತ್ತವೆ. ಪ್ರತಿಯೊಂದು ಹೊಸ ಬೋಗಿಯನ್ನೂ ನಾನು ಒಂದು ತುದಿಗೆ ಒಂದು ಇಟ್ಟಿಗೆಯಷ್ಟು, ಅಂದರೆ 9.6 ಮಿಲಿಮೀಟರ್, ಎತ್ತರ ಕೊಟ್ಟ ನೇರ ಹಳಿಯ ಮೇಲೆ ಬಿಟ್ಟು ನೋಡುತ್ತೇನೆ. ತಾನಾಗಿ ಉರುಳಿ ಇನ್ನೊಂದು ತುದಿ ಮುಟ್ಟದ ಬೋಗಿ ರೈಲಿಗೆ ಸೇರುವುದಿಲ್ಲ.

ತಿರುವುಗಳು ಈ ವ್ಯವಸ್ಥೆಯ ಬಿಗಿಯಾದ ಗಡಿ. ಪೆಟ್ಟಿಗೆಯಲ್ಲಿ ಬರುವ ತಿರುವಿನ ಹಳಿಯ ತ್ರಿಜ್ಯ 40 ಸ್ಟಡ್. ಒಂದು ಸ್ಟಡ್ಡಿಗೆ 8 ಮಿಲಿಮೀಟರಿನಂತೆ 32 ಸೆಂಟಿಮೀಟರ್ ಆಯಿತು. 16 ತುಂಡು ಸೇರಿಸಿದರೆ 64 ಸೆಂಟಿಮೀಟರ್ ವ್ಯಾಸದ ಪೂರ್ಣ ವೃತ್ತ. ಮೇಜಿನ ಮೇಲೆ ಹಿಡಿಸಲು ಇದು ಅನುಕೂಲ, ಉದ್ದ ಬೋಗಿಗೆ ಕಷ್ಟ. ತಿರುವಿನಲ್ಲಿ ಬೋಗಿಯ ನಡು ಒಳಕ್ಕೆ ಬಾಗಿ, ಎರಡು ತುದಿಗಳು ಹೊರಕ್ಕೆ ಚಾಚಿಕೊಳ್ಳುತ್ತವೆ. 6 ಸ್ಟಡ್ ಅಗಲದ ಸೆಟ್‌ಗಳಿಗೆ ಹೊಂದುವಂತೆ ಇಟ್ಟ ಪ್ಲಾಟ್‌ಫಾರ್ಮನ್ನು 8 ಸ್ಟಡ್ ಅಗಲದ ನನ್ನ ಬೋಗಿ ಮೊದಲ ಸುತ್ತಿನಲ್ಲೇ ಕೆಡವಿತು. ಉಗಿ ಎಂಜಿನ್ ಕಟ್ಟುವವರಿಗೆ ತೊಡಕು ಇನ್ನೂ ಹೆಚ್ಚು. ಒಂದೇ ಚೌಕಟ್ಟಿನಲ್ಲಿ ಸಾಲಾಗಿ ಮೂರು ಜೋಡಿ ದೊಡ್ಡ ಚಕ್ರಗಳಿದ್ದರೆ ನಡುವಿನ ಜೋಡಿ ತಿರುವಿನಲ್ಲಿ ಹಳಿಯಿಂದ ಏಳುತ್ತದೆ. 2009ರ ಎಮರಾಲ್ಡ್ ನೈಟ್ ಸೆಟ್ಟಿನಲ್ಲಿ ಚಕ್ರ ಹಳಿಯಿಂದ ಪಕ್ಕಕ್ಕೆ ಜಾರದಂತೆ ತಡೆಯುವ ಅಂಚುಪಟ್ಟಿ ಇರುವ ಮತ್ತು ಇಲ್ಲದ ಎರಡೂ ಬಗೆಯ ದೊಡ್ಡ ಚಕ್ರಗಳು ಬಂದದ್ದು ಇದಕ್ಕಾಗಿಯೇ. ನಡುವೆ ಅಂಚಿಲ್ಲದವನ್ನು ಹಾಕಿದರೆ ಅವು ಹಳಿಯ ಮೇಲೆ ಅಡ್ಡಡ್ಡ ಜಾರಿಕೊಂಡು ಹೋಗುತ್ತವೆ. ಚಕ್ರಗಳನ್ನು ಜೋಡಿಸುವ ಸರಳುಗಳು ಎಡಬದಿಗೂ ಬಲಬದಿಗೂ ಒಂದೇ ಕೋನದಲ್ಲಿದ್ದರೆ ಎರಡೂ ಒಟ್ಟಿಗೆ ನೇರಸಾಲಿಗೆ ಬಂದಾಗ ಸಿಕ್ಕಿಹಾಕಿಕೊಳ್ಳುತ್ತವೆ. ನಿಜವಾದ ಉಗಿ ಎಂಜಿನ್‌ಗಳಲ್ಲಿ ಮಾಡುವಂತೆ ಒಂದು ಬದಿಯನ್ನು 90 ಡಿಗ್ರಿ ಮುಂದಿಡಬೇಕು. ಅಚ್ಚಿನ ಅಡ್ಡಕೊಯ್ತ ಕೂಡಿಸುವ ಚಿಹ್ನೆಯ ಆಕಾರದಲ್ಲಿರುವುದರಿಂದ ಚಕ್ರವನ್ನು ಕಿತ್ತು ಕಾಲು ಸುತ್ತು ತಿರುಗಿಸಿ ಮತ್ತೆ ತೂರಿಸಿದರೆ ಸಾಕು, ಅಳತೆಯ ಅಗತ್ಯವೇ ಇಲ್ಲ.

ದೊಡ್ಡ ತ್ರಿಜ್ಯದ ಹಳಿಗಳನ್ನು ಬೇರೆ ತಯಾರಕರು 56, 72, 88, 104 ಸ್ಟಡ್ ಅಳತೆಗಳಲ್ಲಿ ಮಾಡುತ್ತಾರೆ. ನಾನು ಒಬ್ಬರಿಂದ ತರಿಸಿದ ಮೊದಲ ಕಂತಿನಲ್ಲಿ ಕೀಲುಗಳು ಸರಿಯಾಗಿ ಕೂಡದೆ, ಪ್ರತಿ ಜೋಡಣೆಯಲ್ಲೂ ಉಗುರು ಸಿಕ್ಕುವಷ್ಟು ಮೆಟ್ಟಿಲು ಉಳಿದಿತ್ತು, ಹಗುರವಾದ ಬೋಗಿಗಳು ಅಲ್ಲೇ ಹಳಿತಪ್ಪುತ್ತಿದ್ದವು. ಇನ್ನೊಬ್ಬರಿಂದ ಕೊಂಡ 104 ಸ್ಟಡ್‌ನ ಹಳಿಗಳು ನಾಲ್ಕು ವರ್ಷಗಳಿಂದ ದೋಷವಿಲ್ಲದೆ ಇವೆ. ಮೊದಲು ನಾಲ್ಕು ತುಂಡು ತರಿಸಿ, ಕೀಲಿನ ಮೇಲೆ ಬೆರಳಾಡಿಸಿ ನೋಡಿ, ಆಮೇಲೆ ಉಳಿದವನ್ನು ಕೊಳ್ಳಿ.

ಮೈಕಟ್ಟಿನ ಬಗ್ಗೆ ಒಂದೇ ಮಾತು. ತೆಳುವಾದ ಚಪ್ಪಟೆ ತುಂಡುಗಳಾದ ಐದು ಪ್ಲೇಟ್‌ಗಳ ದಪ್ಪ ಎರಡು ಸ್ಟಡ್‌ಗಳ ಅಗಲಕ್ಕೆ ಸರಿಸಮ, ಎರಡೂ 16 ಮಿಲಿಮೀಟರ್. ಈ ಲೆಕ್ಕ ಕೈವಶವಾದರೆ ಇಟ್ಟಿಗೆಗಳನ್ನು ಪಕ್ಕಕ್ಕೆ ಮಲಗಿಸಿ ಎಂಜಿನ್ನಿನ ಬದಿಯ ಬಣ್ಣದ ಪಟ್ಟೆಗಳನ್ನು ಪೇಂಟ್ ಇಲ್ಲದೆಯೇ ಮೂಡಿಸಬಹುದು.

ಇನ್ನು ನಿಯಂತ್ರಣದ ವಿಷಯ. ಜೊತೆಗೆ ಬರುವ ರಿಮೋಟ್ ಗಟ್ಟಿಮುಟ್ಟಾಗಿದೆ, ಕೂಡಿಸು ಗುಂಡಿ ಒತ್ತಿದಷ್ಟೂ ವೇಗ ಒಂದೊಂದು ಮೆಟ್ಟಿಲು ಏರುತ್ತದೆ, ನಡುವಿನ ಕೆಂಪು ಗುಂಡಿ ಒತ್ತಿದರೆ ನಿಲ್ಲುತ್ತದೆ. ಆದರೆ ಆ ಮೆಟ್ಟಿಲುಗಳ ಜಗ್ಗಾಟಕ್ಕೆ ಉದ್ದ ರೈಲಿನಲ್ಲಿ ಬೋಗಿಗಳ ನಡುವಿನ ಅಯಸ್ಕಾಂತಗಳು ಕಳಚಿಕೊಳ್ಳುತ್ತವೆ. ಇದಕ್ಕೆ ನಾನು ಕಂಡುಕೊಂಡ ಪರಿಹಾರ ಪೈಬ್ರಿಕ್ಸ್ ಎಂಬ ಮುಕ್ತ ತಂತ್ರಾಂಶ. ಅದನ್ನು ಹಬ್‌ಗೆ ಹಾಕಿದರೆ ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಹಬ್‌ನಲ್ಲೇ ಉಳಿಯುತ್ತದೆ, ಓಡಿಸುವಾಗ ಫೋನು ಬೇಕಿಲ್ಲ, ಅದೇ ರಿಮೋಟ್ ಕೆಲಸಕ್ಕೆ ಬರುತ್ತದೆ, ಬೇಡವೆನಿಸಿದರೆ ಮೂಲ ತಂತ್ರಾಂಶಕ್ಕೆ ಮರಳಬಹುದು. ನನ್ನ ಎಂಜಿನ್ ಶೇಕಡಾ 25ಕ್ಕಿಂತ ಕಡಿಮೆ ಶಕ್ತಿಯಲ್ಲಿ ಅಲುಗುವುದಿಲ್ಲ. ಹಾಗಾಗಿ ಪ್ರೋಗ್ರಾಂ ಅಲ್ಲಿಂದ ಆರಂಭಿಸಿ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೆ ಶೇಕಡಾ ಒಂದರಂತೆ ಏರಿಸುತ್ತದೆ. ಶೇಕಡಾ 60 ಮುಟ್ಟಲು ಮೂರೂವರೆ ಸೆಕೆಂಡು. ಆ ಮೂರೂವರೆ ಸೆಕೆಂಡಿನಲ್ಲಿ ಬೋಗಿಗಳು ಒಂದರ ಹಿಂದೊಂದು ಬಿಗಿದುಕೊಂಡು ಹೊರಡುವುದನ್ನು ಹಳಿಯ ಮಟ್ಟಕ್ಕೆ ಕಣ್ಣಿಟ್ಟು ನೋಡಿದರೆ, ನಿಲ್ದಾಣದಲ್ಲಿ ನಿಂತು ನೋಡಿದ ಗೂಡ್ಸ್ ರೈಲಿನ ಹಾಗೆಯೇ ಕಾಣುತ್ತದೆ. ಆರು ವರ್ಷಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಬದಲಾವಣೆ ಇದೇ, ಅದೂ ಒಂದು ಇಟ್ಟಿಗೆಯನ್ನೂ ಕೊಳ್ಳದೆ.

ಹಬ್‌ಗೆ ಇರುವುದು ಎರಡೇ ಪೋರ್ಟ್. ಒಂದಕ್ಕೆ ಮೋಟರು ಸಿಕ್ಕಿಸಿದರೆ ಇನ್ನೊಂದಕ್ಕೆ ದೀಪವೋ, ಎರಡನೆಯ ಮೋಟರೋ, ಬಣ್ಣ ಗುರುತಿಸುವ ಸೆನ್ಸರೋ ಎಂದು ಆರಿಸಿಕೊಳ್ಳಬೇಕು. ದೀಪ ಬಿಟ್ಟು ಸೆನ್ಸರ್ ಆರಿಸಿದ ನಾನು ಅದನ್ನು ಎಂಜಿನ್ನಿನ ಅಡಿಗೆ ಕೆಳಮುಖವಾಗಿ ಕಟ್ಟಿ, ನಿಲ್ದಾಣದ ಬಳಿ ಹಳಿಗಳ ನಡುವೆ ಕೆಂಪು ಟೈಲ್ ಇಟ್ಟೆ. ಎರಡು ಸ್ಟಡ್ ಉದ್ದದ ಟೈಲನ್ನು ವೇಗದ ರೈಲು ಗಮನಿಸದೆ ದಾಟಿಹೋಗುತ್ತಿತ್ತು. ಉದ್ದವನ್ನು ಆರು ಸ್ಟಡ್‌ಗೆ ಏರಿಸಿದ ಮೇಲೆ ಒಮ್ಮೆಯೂ ತಪ್ಪಿಲ್ಲ.

ಸವೆತದ ಬಗ್ಗೆ ಕೇಳುವವರಿಗೆ: ಮೋಟರು ಇಂದಿಗೂ ಮೊದಲಿನಂತಿದೆ. ತಿಂಗಳಿಗೊಮ್ಮೆ ಅಚ್ಚುಗಳಿಗೆ ಸುತ್ತಿಕೊಂಡ ಕೂದಲನ್ನು ಚಿಮುಟದಿಂದ ಬಿಡಿಸುತ್ತೇನೆ, ರಬ್ಬರ್ ಉಂಗುರಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಉಂಗುರಗಳನ್ನು ಒಮ್ಮೆ ಮಾತ್ರ ಬದಲಿಸಿದ್ದೇನೆ, ಐದನೆಯ ವರ್ಷದಲ್ಲಿ, ಹೊರಡುವಾಗ ಚಕ್ರ ಜಾರುವ ಸದ್ದು ಮತ್ತೆ ಕೇಳಿಬಂದಾಗ.