ಬಲಮಂಡಿಗೆ ಲಕ್ಕಿ ಎಣ್ಣೆ, ಎಡಮಂಡಿಗೆ ಮೆಣಸಿನಕಾಯಿ ಮುಲಾಮು

30 ವರ್ಷ ಕಾಲಲ್ಲಿ ಮಿಷನ್ ತುಳಿದು ಬ್ಲೌಸ್ ಹೊಲಿದಿದ್ದಕ್ಕೋ ಏನೋ ನಂಗೆ ಎರಡೂ ಮಂಡಿ ಹೋಗಿದೆ. ಎಕ್ಸ್‌ರೇ ನೋಡಿ ಡಾಕ್ಟ್ರು ಸವೆತ ಅಂದ್ರು, ತೂಕ ಇಳಿಸಿ, ತೊಡೆಗೆ ಬಲ ಬರೋ ಎಕ್ಸರ್‌ಸೈಜ್ ಮಾಡಿ, ತಡ್ಕೊಳ್ಳೋಕಾಗದಿದ್ರೆ ಮಾತ್ರೆ ತಗೊಳ್ಳಿ ಅಂತ. ಅದೆಲ್ಲ ನಡೀತಾ ಇದೆ. ಆದ್ರೆ ಹಚ್ಕೊಳ್ಳೋಕೆ ಏನು ಒಳ್ಳೇದು ಅಂತ ಬಾಯಿ ತಪ್ಪಿ ಕೇಳಿಬಿಟ್ರೆ ಮುಗೀತು, ಬ್ಲೌಸ್ ಅಳತೆ ಕೊಡೋಕೆ ಬಂದೋರೆಲ್ಲ ಒಬ್ಬೊಬ್ರು ಒಂದೊಂದು ಹೇಳ್ತಾರೆ, ಎಲ್ಲರದ್ದೂ ಗ್ಯಾರಂಟಿ.

ನನ್ನ ಪುಣ್ಯ ಏನಂದ್ರೆ ಎರಡೂ ಮಂಡಿ ಹೆಚ್ಚೂಕಮ್ಮಿ ಒಂದೇ ಥರ ಹಾಳಾಗಿರೋದು. ಸರಿ, ಬಲಕ್ಕೊಂದು ಎಡಕ್ಕೊಂದು ಹಚ್ಚಿ 15 ದಿನ ನೋಡೋದು, ಆಮೇಲೆ ಅದಲು ಬದಲು ಮಾಡಿ ಇನ್ನೊಂದು 15 ದಿನ ಅಂತ ಶುರು ಹಚ್ಕೊಂಡೆ. ಅಳತೆಗೆ ನಮ್ಮನೆ ಟೆರೇಸ್ ಮೆಟ್ಲು, ಒಟ್ಟು 14 ಇದೆ, ಬಟ್ಟೆ ಒಣಗಹಾಕೋಕೆ ಹತ್ತೋವಾಗ ಎಷ್ಟನೇ ಮೆಟ್ಲಲ್ಲಿ ಯಾವ ಮಂಡಿ ಚುಳ್ ಅನ್ನತ್ತೆ ಅಂತ ಅಳತೆ ಬುಕ್ಕಿನ ಕೊನೇ ಪೇಜಲ್ಲಿ ಬರ್ಕೊಳ್ತಾ ಬಂದೆ. ಏನೂ ಹಚ್ಚದೇ ಇದ್ದಾಗ 6ನೇ ಮೆಟ್ಲು.

ಮೊದಲು ಲಕ್ಕಿ ಎಣ್ಣೆ. ಲಕ್ಕಿ ಗಿಡ ತೋಟದ ಬೇಲೀಲೇ ಇದೆ, ಬಾಣಂತಿ ನೀರಿಗೆ ಹಾಕ್ತೀವಲ್ಲ ಅದೇ ಸೊಪ್ಪು, ಆಯುರ್ವೇದದಲ್ಲಿ ನಿರ್ಗುಂಡಿ ಅಂತಾರೆ. ನಮ್ಮಜ್ಜಿ ಎಲ್ಲಾ ಕೈಅಂದಾಜಲ್ಲೇ ಕಾಯಿಸ್ತಿದ್ರು, ನಾನು ಪಂಡಿತರ ಲೆಕ್ಕ ಹಿಡಿದೆ, ಅರೆದ ಸೊಪ್ಪಿನ ಉಂಡೆ 1 ಪಾಲು, ಎಣ್ಣೆ 4 ಪಾಲು, ಕಷಾಯ 16 ಪಾಲು. ಅಂದ್ರೆ ಅರ್ಧ ಲೀಟರ್ ಗಾಣದ ಒಳ್ಳೆಣ್ಣೆಗೆ (ಎಳ್ಳೆಣ್ಣೇನ ನಾವು ಹಂಗೇ ಅನ್ನೋದು) 2 ಲೀಟರ್ ಕಷಾಯ, ಅದೆಲ್ಲ ಇಂಗಬೇಕು, ಸಣ್ಣ ಉರೀಲಿ ಮೂರು ಗಂಟೆ ಮೇಲೇ ಹಿಡಿಯತ್ತೆ. ಮೊದಲ್ನೇ ಸಲ ಸಾಕಾಯ್ತು ಅಂತ ಬೇಗ ಇಳಿಸ್ಬಿಟ್ಟೆ, ಒಳಗೆ ನೀರಿನಂಶ ಉಳ್ಕೊಂಡು ಇಪ್ಪತ್ತೇ ದಿನಕ್ಕೆ ಬಾಟ್ಲಿ ಮುಗ್ಗಲು ವಾಸನೆ ಬಂತು, ಅಷ್ಟೂ ಚೆಲ್ಲಿದ್ದಾಯ್ತು. ಎರಡನೇ ಸಲ ಅಜ್ಜಿ ಮಾಡ್ತಿದ್ದಂಗೆ ತಳದಲ್ಲಿರೋ ಚರಟ ಒಂಚೂರು ತಗೊಂಡು ಬತ್ತಿ ಥರ ಹೊಸೆದು ಉರಿಗೆ ಹಿಡಿದೆ, ಚಟಪಟ ಅಂದ್ರೆ ಇನ್ನೂ ನೀರಿದೆ ಅಂತ ಅರ್ಥ, ಸದ್ದಿಲ್ದೆ ಉರಿದ್ರೆ ಆಗಿದೆ. ಎಣ್ಣೆ ಮೇಲೆ ನೊರೆ ಎದ್ದಿದ್ದೂ ಆಗಲೇ. ರಾತ್ರಿ ಬೆಚ್ಚಗೆ ಮಾಡಿ ಹತ್ತು ನಿಮಿಷ ಸವರಿ ಮೇಲೆ ಬಿಸಿನೀರಿನ ಬ್ಯಾಗ್ ಇಟ್ಕೊಂಡ್ರೆ ನಿದ್ದೆ ಚೆನ್ನಾಗಿ ಬಂತು. 15 ದಿನ ಆದ್ಮೇಲೆ 10, ಒಂದೊಂದಿನ 11ನೇ ಮೆಟ್ಲು.

ಅದೇ ಹೊತ್ತಲ್ಲಿ ಎಡಗಡೆಗೆ ಮೆಣಸಿನಕಾಯಿ ಮುಲಾಮು. ಇದ್ರದ್ದೊಂದು ದೊಡ್ಡ ಕಥೆ. ಮನೇಲಿ ಇದ್ದಿದ್ದು ಬ್ಯಾಡಗಿ, ಅದನ್ನೇ ಪುಡಿ ಮಾಡಿ ಎಣ್ಣೇಲಿ ಹಾಕಿ ಬಿಸಿನೀರಿನ ಪಾತ್ರೆ ಒಳಗಿಟ್ಟು ಒಂದು ಗಂಟೆ ಕಾಯಿಸಿ ಸೋಸಿ ಜೇನುಮೇಣ ಕರಗಿಸಿ ಹಾಕ್ದೆ, 5 ಪಾಲು ಎಣ್ಣೆಗೆ 1 ಪಾಲು ಮೇಣ. ಬಣ್ಣ ಏನ್ ಬಂತು ಅಂತೀರ, ಕುಂಕುಮ! ಆದ್ರೆ ಬ್ಯಾಡಗಿಗೆ ಖಾರ ಎಲ್ಲಿದೆ, ಮಂಡಿಗೆ ಏನೂ ಆಗ್ಲಿಲ್ಲ, ನೈಟಿ ಮಾತ್ರ ಕೆಂಪಾಯ್ತು. ಆಮೇಲೆ ಗುಂಟೂರು ತರಿಸಿದೆ. ಮೊದಲ ವಾರ ಬರೀ ಉರಿ, ಬಿಟ್ಟುಬಿಡೋಣ ಅನ್ಸಿತ್ತು. ಆದ್ರೆ ಇದ್ರ ಕೆಲಸಾನೇ ಹಂಗೆ, ಖಾರಕ್ಕೆ ನರದ ತುದಿ ಮೊದಲು ರೇಗತ್ತೆ, ದಿನಕ್ಕೆ 3-4 ಸಲ ಬಿಡದೆ ಹಚ್ಚಿದ್ರೆ ಆಮೇಲಾಮೇಲೆ ಮರಗಟ್ಟಿದಂಗಾಗಿ ನೋವನ್ನ ಕಳಿಸೋದು ಕಮ್ಮಿ ಮಾಡತ್ತೆ. ಎರಡನೇ ವಾರ 12ನೇ ಮೆಟ್ಲು, ಅದಲು ಬದಲು ಮಾಡಿದ್ಮೇಲೆ ಬಲಮಂಡೀದೂ ಅಷ್ಟೇ ಬಂತು. ನೋವಿಗೆ ಇದೇ ಫಸ್ಟ್, ಅನುಮಾನ ಇಲ್ಲ.

ಆದ್ರೆ ಹೊಲಿಗೆಯವಳಿಗೆ ಇದು ಆಗಿಬರೋದಲ್ಲ. ಮುಲಾಮು ಹಚ್ಚಿ ಸೋಪಲ್ಲಿ ಎರಡು ಸಲ ಕೈ ತೊಳೆದು ಮಿಷನ್ ಮುಂದೆ ಕೂತೆ, ಸೂಜಿಗೆ ದಾರ ಪೋಣಿಸೋಕೆ ಅಭ್ಯಾಸದಂತೆ ತುದೀನ ಬೆರಳಲ್ಲಿ ಹೊಸೆದು ತುಟೀಲಿ ಒದ್ದೆ ಮಾಡ್ಕೊಂಡೆ ನೋಡಿ, ಸಂಜೆ ತನಕ ತುಟಿ ಧಗಧಗ. ಖಾರ ನೀರಲ್ಲಿ ಬಿಡಲ್ಲ, ಮೊದಲು ಕೈಗೆ ಎಣ್ಣೆ ಸವರಿ ಒರೆಸಿ ಆಮೇಲೆ ಸೋಪು ಹಾಕ್ಬೇಕು. ಇನ್ನೊಂದಿನ ಲಕ್ಕಿ ಎಣ್ಣೆ ರೂಢೀಲಿ ಈ ಮಂಡಿ ಮೇಲೂ ಬಿಸಿ ಬ್ಯಾಗ್ ಇಟ್ಟೆ, ಅಯ್ಯಪ್ಪಾ ಎದ್ದು ಓಡ್ದೆ, ಆವತ್ತು ಮಂಡಿ ನೋವು ನೆನಪೇ ಆಗ್ಲಿಲ್ಲ. ಬೆಳಗ್ಗೆ ಬಿಸಿನೀರು ಬಿದ್ರೂ ಉರಿ ವಾಪಸ್ ಬರತ್ತೆ. ಮೆಡಿಕಲ್ ಶಾಪಲ್ಲಿ ಇದೇ ಖಾರದ ಅಂಶದ ಕ್ರೀಮ್ 0.025, 0.075 ಪರ್ಸೆಂಟ್ ಅಂತ ಲೆಕ್ಕಾಚಾರವಾಗಿ ಸಿಗತ್ತೆ, ನನ್ನ ಡಬ್ಬೀಲಿ ಎಷ್ಟಿತ್ತೋ ಆ ಗುಂಟೂರಮ್ಮನಿಗೇ ಗೊತ್ತು.

ಕರ್ಪೂರದ ಎಣ್ಣೆ ಸುಲಭ, 100 ಎಂಎಲ್ ಕೊಬ್ಬರಿ ಎಣ್ಣೆಗೆ 10 ಗ್ರಾಂ, ಬೆಚ್ಚಗಿನ ಎಣ್ಣೇಲಿ ತಾನೇ ಕರಗತ್ತೆ. ಹಚ್ಚಿದ ತಕ್ಷಣ ಹಾಯ್ ಅನ್ಸತ್ತೆ, ಅರ್ಧ ಗಂಟೆಗೆ ಎಲ್ಲಾ ವಾಪಸ್. ಮೆಟ್ಲು 7. ಪೂಜೆ ಕರ್ಪೂರ ಮಾತ್ರ ಹಾಕ್ಬೇಡಿ, ಅದು ಉರಿಸೋಕೆ ಅಂತ ಮಾಡಿರೋದು. ಬಾಟ್ಲಿ ಮಕ್ಕಳ ಕೈಗೂ ಸಿಗಬಾರದು, ಸ್ವಲ್ಪ ಹೊಟ್ಟೆಗೆ ಹೋದ್ರೂ ಫಿಟ್ಸ್ ಬರಬಹುದು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಾಡಿಸಿ ಕಟ್ಟೋದನ್ನ ಮೂರೇ ದಿನಕ್ಕೆ ನಿಲ್ಲಿಸ್ದೆ, ಹಾಲು ತಾಗಿದ ಕಡೆ ಗುಳ್ಳೆ ಎದ್ವು, ಅದೇ ಹಾಲು ಕಣ್ಣಿಗೆ ಹಾರಿದ್ರೆ ಇನ್ನೂ ಅಪಾಯ, ಸಾಲದ್ದಕ್ಕೆ ಕೈಯಲ್ಲಿದ್ದ ಹರಳೆಣ್ಣೆ ಗಿರಾಕಿಯೊಬ್ರ ರೇಷ್ಮೆ ಬ್ಲೌಸ್ ಪೀಸ್ ಮೇಲೆ ಕೂತು ಹೊಸ ಪೀಸ್ ತಂದುಕೊಟ್ಟೆ. ಊಟಿಯಿಂದ ತಂದ ವಿಂಟರ್‌ಗ್ರೀನ್ ಎಣ್ಣೇನೂ ಮನೇಲಿತ್ತು, ಹಾರ್ಟ್ ವಾಲ್ವ್ ಆಪರೇಷನ್ ಆಗಿ ವಾರ್ಫರಿನ್ (ರಕ್ತ ಹೆಪ್ಪುಗಟ್ಟದೇ ಇರೋಕೆ ಕೊಡೋ ಮಾತ್ರೆ) ತಗೊಳ್ತಿರೋ ಅತ್ತೆ ನಂಗೂ ಕೊಡಮ್ಮ ಅಂದ್ರು, ಡಾಕ್ಟ್ರನ್ನ ಕೇಳಿದ್ರೆ ಬೇಡವೇ ಬೇಡ ಅಂದ್ರು, ಚರ್ಮದಿಂದ ಒಳಗೆ ಹೋಗಿ ರಕ್ತ ಇನ್ನೂ ತೆಳ್ಳಗಾಗತ್ತಂತೆ.

ನನ್ನ ತಂಗಿ ಮೇಲೆ ಇದ್ಯಾವುದನ್ನೂ ಪ್ರಯೋಗ ಮಾಡ್ಲಿಲ್ಲ. ಅವಳದ್ದು ನನ್ನ ಥರ ಸವೆತ ಅಲ್ಲ, ರುಮಟಾಯ್ಡ್, ಅಂದ್ರೆ ದೇಹದ ರೋಗನಿರೋಧಕ ಶಕ್ತೀನೇ ಕೀಲಿನ ಮೇಲೆ ತಿರುಗಿಬೀಳೋ ಸಂಧಿವಾತ, ಬೆಳಗ್ಗೆ ಎದ್ರೆ ಗಂಟೆ ಮೇಲಾದ್ರೂ ಬೆರಳು ಮಡಚೋಕಾಗಲ್ಲ, ಎರಡೂ ಕೈ ಊದಿ ಬಿಸಿಯಾಗಿರತ್ತೆ, ಅದಕ್ಕೆ ವಾರಕ್ಕೊಂದು ಸಲ ಮೆಥೊಟ್ರೆಕ್ಸೇಟ್ ಅನ್ನೋ ಔಷಧಿ ತಗೊಳ್ತಾಳೆ. ಅಂಥ ಕೀಲನ್ನ ಎಣ್ಣೆ ಹಾಕಿ ತಿಕ್ಕೋಕೆ ಹೋಗ್ಬೇಡಿ.

ಕೊನೇದಾಗಿ ಮಗಳು ಒಂದು ತರಲೆ ಮಾಡಿದ್ಳು, ಅಮ್ಮಾ ಲಕ್ಕಿ ಹಾಕದೆ ಬರೀ ಒಳ್ಳೆಣ್ಣೆ ಹಚ್ಚಿ ನೋಡು ಅಂತ. ಎರಡು ಬಾಟ್ಲಿಗೂ ಹೆಸರಿಲ್ದೆ ತುಂಬಿಟ್ಳು, ನಂಗೆ ಮುಚ್ಚಳ ತೆಗೆದ ತಕ್ಷಣ ವಾಸನೇಲೇ ಗೊತ್ತಾಗೋಯ್ತು ಬಿಡಿ, ಆದ್ರೂ 15 ದಿನ ಅಷ್ಟೇ ಹೊತ್ತು ಸವರಿ ಅಷ್ಟೇ ಹೊತ್ತು ಬಿಸಿ ಬ್ಯಾಗ್ ಇಟ್ಟೆ. ಲಕ್ಕಿ ಮಂಡಿ 11, ಬರೀ ಎಣ್ಣೆ ಮಂಡಿ 10. ಮೂರು ಗಂಟೆ ಸೌದೆ ಒಲೆ ಮುಂದೆ ಕೂತಿದ್ದು ಒಂದು ಮೆಟ್ಲಿಗಾ ಅಂತ ಅವಳು ನಗ್ತಾಳೆ. ಈಗ ದಿನಾ ಬರೀ ಒಳ್ಳೆಣ್ಣೆ, ಥಂಡಿಗಾಲಕ್ಕೆ ಅಂತ ಒಂದು ಬಾಟ್ಲಿ ಲಕ್ಕಿ ಎಣ್ಣೆ. ಮುಲಾಮಿನ ಡಬ್ಬಿ ಬೀರು ಮೇಲಿದೆ, ಹೊಲಿಗೆಗೆ ರಜಾ ಇರೋ ವಾರ ಮಾತ್ರ ಇಳಿಸ್ತೀನಿ.