ನಾಬ್ ಹೇಳುವುದೊಂದು, ಒಳಗೆ ಆಗುವುದೊಂದು: ನಾಲ್ಕು ವರ್ಷ ಓಟಿಜಿ ಬಳಸಿದ ಮೇಲೆ

ನಮ್ಮ ಮನೆಗೆ 28 ಲೀಟರಿನ ಓಟಿಜಿ (ಒವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಕರೆಂಟಿನ ಪೆಟ್ಟಿಗೆ) ಬಂದದ್ದು 2021ರ ದೀಪಾವಳಿಗೆ. ಆನ್‌ಲೈನ್ ಸೇಲ್‌ನಲ್ಲಿ ಏಳು ಸಾವಿರದ ಹತ್ತಿರ ಬಿತ್ತು. ಎಷ್ಟು ಟ್ರೇ, ಯಾವ ಬಣ್ಣ, ಏನೇನು ಫಂಕ್ಷನ್ ಅನ್ನುವುದೆಲ್ಲ ಮಾರುವ ಪುಟದಲ್ಲೇ ಇರುತ್ತದೆ, ಮತ್ತೆ ಬರೆಯುವುದಿಲ್ಲ. ಅಲ್ಲಿ ಇಲ್ಲದ ಒಂದು ವಿಷಯ ಇದೆ. ಅದು ನನಗೆ ಗೊತ್ತಾಗುವಷ್ಟರಲ್ಲಿ ಆರು ತಿಂಗಳು ಕಳೆದಿತ್ತು, ಕಿಲೋಗಟ್ಟಲೆ ಮೈದಾ ಮತ್ತು ಬೆಣ್ಣೆ ಹಾಳಾಗಿತ್ತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಶಾಖದ ನಾಬ್ ಮೇಲಿನ ಅಂಕಿಯನ್ನು ನಂಬುವ ಹಾಗಿಲ್ಲ.

ಮೊದಲ ಕೇಕ್ ಮಾಡಿದ್ದು ಮಗಳ ಹುಟ್ಟುಹಬ್ಬಕ್ಕೆ. ಅತ್ತೆ ಮೊಟ್ಟೆ ಮುಟ್ಟುವುದಿಲ್ಲ, ಹಾಗಾಗಿ ಮೊಸರು, ಸೋಡಾ ಹಾಕುವ ಕೇಕ್. 180 ಡಿಗ್ರಿಗೆ 35 ನಿಮಿಷ ಅಂತ ಎಲ್ಲರೂ ಹೇಳುತ್ತಾರೆ, ಹಾಗೇ ಇಟ್ಟೆ. 20 ನಿಮಿಷಕ್ಕೇ ಮೇಲ್ಭಾಗ ಕಪ್ಪಾಗಿ, ನಡುವೆ ಬೆಟ್ಟದ ಹಾಗೆ ಉಬ್ಬಿ ಬಿರಿಯಿತು. ಚಾಕು ಚುಚ್ಚಿದರೆ ತುದಿಗೆ ಹಸಿ ಹಿಟ್ಟು ಅಂಟಿಕೊಂಡು ಬಂತು. ಮಗಳು ಅಳಲಿಲ್ಲ, 'ಪರವಾಗಿಲ್ಲ ಅಮ್ಮ' ಅಂದಳು. ಅದರಿಂದಲೇ ನನಗೆ ಜಾಸ್ತಿ ಸಂಕಟವಾಯಿತು. ಸಂಜೆ ಬೇಕರಿಯಿಂದ ಅರ್ಧ ಕೆ.ಜಿ. ಕೇಕ್ ತಂದೆವು.

ಆಮೇಲೆ ಶುರುವಾಯಿತು ನೋಡಿ. ಸೋಡಾ ಕಡಿಮೆ ಮಾಡಿದೆ. ಮೊಸರು ಬದಲಿಸಿದೆ. ಮೈದಾ ಮೂರು ಸಲ ಜರಡಿ ಹಿಡಿದೆ. ಅಲ್ಯೂಮಿನಿಯಂ ಡಬ್ಬಿಯದ್ದೇ ತಪ್ಪು ಅಂದುಕೊಂಡು ಹೊಸ ಡಬ್ಬಿ ತಂದೆ. ಏನು ಮಾಡಿದರೂ ಹೊರಗೆ ಸೀದು, ಒಳಗೆ ಹಸಿ. ಕಂಪನಿಗೆ ಮೂರು ಸಲ ಫೋನ್ ಮಾಡಿದೆ. ಮೂರೂ ಸಲ ಒಂದೇ ಉತ್ತರ: 'ಹತ್ತು ನಿಮಿಷ ಪ್ರಿಹೀಟ್ ಮಾಡಿ ಮೇಡಂ.' ಅಂದರೆ ಏನೂ ಇಡುವ ಮೊದಲು ಖಾಲಿ ಒವನ್ ಬಿಸಿ ಮಾಡಿಕೊಳ್ಳುವುದು. ಅದನ್ನು ಮಾಡುತ್ತಿದ್ದೆ. ತಪ್ಪು ನನ್ನದಲ್ಲ ಅಂತ ಹೇಳುವವರು ಯಾರೂ ಸಿಗಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಸಕ್ಕರೆ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಹಾಗಾದರೆ 170ಕ್ಕೆ ಇಟ್ಟ ಸಕ್ಕರೆ ಕಾಲು ಗಂಟೆ ಬಿಟ್ಟರೂ ಕಾಳುಕಾಳಾಗಿಯೇ ಇರಬೇಕು, ಅಲ್ವಾ? ಫಾಯಿಲ್ ಹಾಳೆಯನ್ನು ಪುಟ್ಟ ಬಟ್ಟಲಿನ ಹಾಗೆ ಮಡಿಚಿ, ಒಂದು ಚಮಚ ಸಕ್ಕರೆ ಹಾಕಿ, ನಾಬ್ 170ಕ್ಕೆ ತಿರುಗಿಸಿ, ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಏಳನೇ ನಿಮಿಷಕ್ಕೆ ಅಂಚಿನ ಕಾಳುಗಳು ಒದ್ದೆಯಾದ ಹಾಗೆ ಮಿನುಗಿದವು. ಹತ್ತಕ್ಕೆ ಒಂದಕ್ಕೊಂದು ಅಂಟಿ ಗಾಜಿನ ಹಾಗಾದವು. ಹದಿನೈದಕ್ಕೆ ಬಟ್ಟಲಿನಲ್ಲಿ ಇದ್ದದ್ದು ಜೇನಿನ ಬಣ್ಣದ ಪಾಕ. ಅಂದರೆ 170 ಅಂತ ತೋರಿಸುವಾಗ ಒಳಗೆ 186ಕ್ಕಿಂತ ಜಾಸ್ತಿಯೇ ಇದೆ. ಆ ಪಾಕ ನೋಡಿ ನನಗೆ ಎಷ್ಟು ಸಿಟ್ಟು ಬಂತೋ ಅಷ್ಟೇ ಸಮಾಧಾನವೂ ಆಯಿತು. ಆರು ತಿಂಗಳು ನನ್ನ ಕೈಯನ್ನೇ ಬೈದುಕೊಂಡಿದ್ದೆನಲ್ಲ.

ಮರುದಿನವೇ ಒವನ್ ಒಳಗೆ ನಿಲ್ಲಿಸುವ ಥರ್ಮಾಮೀಟರ್ ತರಿಸಿದೆ, ನಾನೂರು ರೂಪಾಯಿ ಚಿಲ್ಲರೆ. ನಾಬ್ 180 ಅಂದರೆ ಒಳಗೆ 205ರಿಂದ 210. ನಾಬ್ 150 ಅಂದರೆ 175. ಹಿಂದಿನ ಬಲಮೂಲೆ ಅದಕ್ಕಿಂತ ಇನ್ನೂ ಬಿಸಿ. ಮಗಳ ಕೆಂಪು ನೇಲ್ ಪಾಲಿಶ್ ತಗೊಂಡು ನಾಬ್ ಸುತ್ತ ಮೂರು ಚುಕ್ಕೆ ಇಟ್ಟೆ. ಒಂದು ನಿಜವಾದ 150, ಒಂದು 180, ಒಂದು 200. ಇವತ್ತಿಗೂ ಆ ಚುಕ್ಕೆ ನೋಡಿಯೇ ತಿರುಗಿಸುವುದು. ಕಂಪನಿ ಅಚ್ಚು ಹಾಕಿದ ಅಂಕಿಗಳನ್ನು ಈಗ ಯಾರೂ ನೋಡುವುದಿಲ್ಲ.

ಇದು ಯಾಕೆ ಹೀಗೆ ಅಂತ ಆಮೇಲೆ ಮಿಕ್ಸಿ ರಿಪೇರಿಯವರು ಬಿಚ್ಚಿ ತೋರಿಸಿದರು. ಇಸ್ತ್ರಿ ಪೆಟ್ಟಿಗೆಯಲ್ಲಿ ಇರುವಂಥದ್ದೇ ವ್ಯವಸ್ಥೆ. ಎರಡು ಬೇರೆ ಲೋಹದ ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿರುತ್ತಾರೆ. ಬಿಸಿಗೆ ಒಂದು ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಪಟ್ಟಿ ಬಾಗಿ ಕರೆಂಟ್ ಕಡಿಯುತ್ತದೆ. ಆರಿದಾಗ ನೆಟ್ಟಗಾಗಿ ಮತ್ತೆ ಕೂಡುತ್ತದೆ. ಆಗಾಗ 'ಟಕ್' ಅಂತ ಕೇಳುವುದು ಅದೇ. ಈ ಪಟ್ಟಿ ಎಷ್ಟು ಬಾಗಿದಾಗ ಕಡಿಯಬೇಕು ಅನ್ನುವುದನ್ನು ಸರಿಯಾಗಿ ಹೊಂದಿಸದಿದ್ದರೆ ನಾಬ್ ಮೇಲಿನ ಅಂಕಿಗೆ ಬೆಲೆಯೇ ಇರುವುದಿಲ್ಲ. ಇಷ್ಟು ದುಡ್ಡು ತಗೊಂಡು ಅದೊಂದನ್ನು ನೋಡಿ ಕಳಿಸಬಾರದೇ? ಈ ಬೇಸರ ನನಗೆ ಇವತ್ತಿಗೂ ಹೋಗಿಲ್ಲ.

ಚುಕ್ಕೆ ಇಟ್ಟ ಮೇಲಿನ ಕಥೆಯೇ ಬೇರೆ. ಈಗ ನಮ್ಮ ಮನೆಯಲ್ಲಿ ಶನಿವಾರ ಸಂಜೆ ಅಂದರೆ ಖಾರಾ ಬಿಸ್ಕೆಟ್. ಅತ್ತೆ ಅಯ್ಯಂಗಾರ್ ಬೇಕರಿ ಅಂತ ಬೋರ್ಡ್ ಇದ್ದರೆ ಮಾತ್ರ ತಿನ್ನುವವರು, ಮೊಟ್ಟೆಯ ಭಯ ಇಲ್ಲ ಅಂತ. ಹಾಸನ ಕಡೆಯ ಅಯ್ಯಂಗಾರರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಒಲೆ ಹಚ್ಚಿದ ಆ ಬೇಕರಿ ರುಚಿ ಈಗ ಊರೂರಲ್ಲೂ ಇದೆ. ಆ ರುಚಿ ಮನೆಯಲ್ಲಿ ಬರಬೇಕು ಅನ್ನುವುದೇ ನನ್ನ ಹಟವಾಗಿತ್ತು.

ಎರಡು ಲೋಟ ಮೈದಾ, ನೂರು ಗ್ರಾಂ ಬೆಣ್ಣೆ, ಎರಡು ಚಮಚ ಸಕ್ಕರೆ ಪುಡಿ, ಉಪ್ಪು. ಮೂರು ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸಣ್ಣಗೆ ಹೆಚ್ಚಿದ್ದು. ಮಗ ಬೆಣ್ಣೆ ಮೈದಾವನ್ನು ಬೆರಳ ತುದಿಯಲ್ಲಿ ಉಜ್ಜುತ್ತಾನೆ, ರವೆಯ ಹಾಗೆ ಆಗುವವರೆಗೆ. ಆಮೇಲೆ ಎರಡು ಮೂರು ಚಮಚ ಮೊಸರು ಹಾಕಿ ಸುಮ್ನೆ ಕೂಡಿಸುವುದು ಅಷ್ಟೇ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಬಿಸ್ಕೆಟ್ ಗಟ್ಟಿಯಾಗುತ್ತದೆ. ಕಾಲು ಇಂಚು ದಪ್ಪ ಲಟ್ಟಿಸಿ, ಸ್ಟೀಲ್ ಲೋಟದ ಬಾಯಿಂದ ಒತ್ತಿ, ಫೋರ್ಕ್‌ನಿಂದ ಮೂರು ಸಲ ಚುಚ್ಚುವುದು ಮಗಳ ಕೆಲಸ. ನಿಜವಾದ 170ಕ್ಕೆ 20ರಿಂದ 25 ನಿಮಿಷ. ಹನ್ನೆರಡನೇ ನಿಮಿಷಕ್ಕೆ ಬಾಗಿಲು ತೆಗೆದು ಟ್ರೇ ತಿರುಗಿಸಿ ಇಡಬೇಕು, ಇಲ್ಲದಿದ್ದರೆ ಆ ಬಲಮೂಲೆಯ ನಾಲ್ಕು ಬಿಸ್ಕೆಟ್ ಕಂದಾಗುತ್ತದೆ. ಟೈಮರ್ ಕಟಕಟ ಅನ್ನುತ್ತಿರುತ್ತದೆ. ಬೆಣ್ಣೆಯಲ್ಲಿ ಕರಿಬೇವು ಬೇಯುವ ವಾಸನೆ ಹಜಾರಕ್ಕೆ ಬರುವಾಗ ಅತ್ತೆ ಕಾಫಿಗೆ ಡಿಕಾಕ್ಷನ್ ಹಾಕುತ್ತಾರೆ. 'ಟಿಂಗ್' ಅಂದಾಗ ನಾಲ್ಕು ಜನವೂ ಅಡುಗೆಮನೆಯಲ್ಲೇ ಇರುತ್ತೇವೆ. ಬಿಸಿಯಲ್ಲಿ ಮೆತ್ತಗಿರುತ್ತದೆ, ಹತ್ತು ನಿಮಿಷ ಬಿಟ್ಟರೆ ಗರಿಗರಿ. ಆ ಹತ್ತು ನಿಮಿಷ ಕಾಯುವವರು ನಮ್ಮಲ್ಲಿ ಯಾರೂ ಇಲ್ಲ.

ಒವನ್ ಇನ್ನೂ ಬಿಸಿ ಇರುವಾಗಲೇ ಕಾಂಗ್ರೆಸ್ ಕಡಲೆಕಾಯಿಯನ್ನೂ ಮುಗಿಸುತ್ತೇನೆ. ಹುರಿದು ಸಿಪ್ಪೆ ತೆಗೆದ ಬೇಳೆಗೆ ಸ್ವಲ್ಪ ಎಣ್ಣೆ, ಅರಿಶಿನ, ಮೆಣಸಿನ ಪುಡಿ, ಕಾಳುಮೆಣಸು, ಇಂಗು, ಕರಿಬೇವು ಸವರಿ 150ಕ್ಕೆ ಹತ್ತು ನಿಮಿಷ. ವಾರವೆಲ್ಲ ಮಕ್ಕಳ ಡಬ್ಬಿಗೆ ಆಗುತ್ತದೆ.

ಆದರೆ ಈ ಪೆಟ್ಟಿಗೆ ನಮ್ಮ ಮನೆಯದ್ದಾದದ್ದು ಕೇಕಿನಿಂದಲೂ ಅಲ್ಲ, ಬಿಸ್ಕೆಟಿನಿಂದಲೂ ಅಲ್ಲ. ಬದನೆಕಾಯಿಯಿಂದ.

ಅತ್ತೆ ತೀರ್ಥಹಳ್ಳಿ ಕಡೆಯವರು. ಅವರಿಗೆ ಬಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದಲ್ಲ, ಸುಟ್ಟ ಬದನೆಕಾಯಿಯ ಬಜ್ಜಿ. ಊರಲ್ಲಿ ಬಚ್ಚಲೊಲೆಯ ಕೆಂಡದಲ್ಲಿ ಹೂತಿಟ್ಟು, ಸ್ನಾನ ಮುಗಿಯುವ ಹೊತ್ತಿಗೆ ತೆಗೆಯುತ್ತಿದ್ದರಂತೆ. ಮೈಸೂರಿನ ಈ ಬಾಡಿಗೆ ಮನೆಯಲ್ಲಿ ಕೆಂಡ ಎಲ್ಲಿಂದ ಬರಬೇಕು? ಗ್ಯಾಸ್ ಮೇಲೆ ಇಟ್ಟರೆ ಒಂದು ಕಡೆ ಸೀಯುತ್ತದೆ, ರಸ ಸೋರಿ ಬರ್ನರ್ ಕಟ್ಟುತ್ತದೆ. ಒಂದು ದಿನ ಅವರೇ ಕೇಳಿದರು, 'ಆ ನಿನ್ನ ಪೆಟ್ಟಿಗೇಲಿ ಬದನೆಕಾಯಿ ಸುಡಕ್ಕೆ ಆಗ್ತದಾ ನೋಡು.' ಅಲ್ಲಿಯವರೆಗೆ ಅವರು ಅದನ್ನು ಮುಟ್ಟಿದವರೇ ಅಲ್ಲ.

ದಪ್ಪ ಬದನೆಕಾಯಿಗೆ ಎಣ್ಣೆ ಸವರಿ, ಚಾಕುವಿನಿಂದ ನಾಲ್ಕೈದು ಕಡೆ ಚುಚ್ಚಿ, ಶಾಖ ಕೊಡುವ ಎರಡು ಕಡೆಯ ರಾಡ್‌ಗಳಲ್ಲಿ ಮೇಲಿನದ್ದು ಮಾತ್ರ ಹಾಕಿ, ನಾಬ್ ಪೂರ್ತಿ ತಿರುಗಿಸಿದೆ. ಚುಚ್ಚದೆ ಇಡಬೇಡಿ, ಒಳಗಿನ ಹಬೆಗೆ ಸಿಡಿಯುತ್ತದೆ. ಅರ್ಧ ಹೊತ್ತಿಗೆ ಒಮ್ಮೆ ಮಗುಚಿ, ಒಟ್ಟು 40 ನಿಮಿಷ. ಸಿಪ್ಪೆ ಕಪ್ಪಾಗಿ ಸುಕ್ಕುಗಟ್ಟಿತು, ಕಾಯಿ ಕುಸಿದು ಕೂತಿತು. ಅತ್ತೆ ಸಿಪ್ಪೆ ಬಿಡಿಸಿ ಕೈಯಲ್ಲೇ ಕಿವುಚಿ, ಹುಣಸೆರಸ, ಬೆಲ್ಲದ ಚೂರು, ಹಸಿಮೆಣಸು, ಇಂಗಿನ ಒಗ್ಗರಣೆ ಹಾಕಿ, ಬಿಸಿ ಅನ್ನಕ್ಕೆ ಕಲಸಿ ಒಂದು ತುತ್ತು ತಿಂದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, 'ಹೊಗೆ ವಾಸ್ನೆ ಒಂದಿಲ್ಲ ಮಾರಾಯ್ತಿ, ಬಾಕಿ ಎಲ್ಲ ಅದೇ ರುಚಿ' ಅಂದರು.

ಈಗ ವಾರಕ್ಕೊಮ್ಮೆ ಬದನೆಕಾಯಿ ತರುವುದು ಅವರೇ, ಒವನ್‌ಗೆ ಇಡುವುದೂ ಅವರೇ. ಗೆಣಸನ್ನೂ ಹೀಗೇ ಸುಡುತ್ತಾರೆ, 200ಕ್ಕೆ ಮುಕ್ಕಾಲು ಗಂಟೆ. ನೀರಲ್ಲಿ ಬೇಯಿಸಿದ ಗೆಣಸಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಸಿಪ್ಪೆಯ ಅಂಚಲ್ಲಿ ಸಕ್ಕರೆ ಒಸರಿ ಅಂಟಾಗಿರುತ್ತದೆ, ಮಕ್ಕಳು ಅದನ್ನೇ ಮೊದಲು ಕೀಳುತ್ತಾರೆ. ಬದನೆಗೂ ಗೆಣಸಿಗೂ 20 ಡಿಗ್ರಿ ಹೆಚ್ಚುಕಮ್ಮಿ ಆದರೆ ಏನೂ ಆಗುವುದಿಲ್ಲ. ನಾಬ್ ಎಷ್ಟೇ ಸುಳ್ಳು ಹೇಳಲಿ, ಇವು ಕೆಡಲಿಲ್ಲ.

ಇನ್ನು ಕಷ್ಟ ಸುಖ. ಮೂರನೇ ವರ್ಷ ಕೆಳಗಿನ ರಾಡ್ ಹೋಯಿತು. ಸರ್ವೀಸ್ ಸೆಂಟರಿನವರು ಎರಡು ವಾರ ಕಾಯಿಸಿ, ರಾಡ್ ಸೆಟ್ ಪೂರ್ತಿ ಬದಲಿಸಬೇಕು, 1,800 ಆಗುತ್ತದೆ ಅಂದರು. ಮನೆ ಹತ್ತಿರದ ಮಿಕ್ಸಿ ರಿಪೇರಿ ಅಂಗಡಿಯವರು ಒಂದೇ ರಾಡ್ ಹಾಕಿ 450 ತಗೊಂಡರು. ಈವರೆಗೆ ಚೆನ್ನಾಗಿದೆ. ಕೋಳಿ ತಿರುಗಿಸುವ ಕಡ್ಡಿ ಡಬ್ಬದಿಂದ ಹೊರಗೇ ಬಂದಿಲ್ಲ, ಅದರ ಬಗ್ಗೆ ನನ್ನನ್ನು ಕೇಳಬೇಡಿ. ಒಳಗಿನ ಜಿಡ್ಡು ತೆಗೆಯಲು ಅಡುಗೆ ಸೋಡಾ ನೀರಲ್ಲಿ ಕಲಸಿ ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ಒರೆಸುತ್ತೇನೆ, ರಾಡ್‌ಗೆ ತಾಗಿಸುವುದಿಲ್ಲ.

ಪ್ಲಗ್ ವಿಷಯದಲ್ಲಿ ಮಾತ್ರ ಹುಷಾರು. ನಮ್ಮದು 1,500 ವ್ಯಾಟ್, ಅಂದರೆ 230 ವೋಲ್ಟ್‌ಗೆ ಆರೂವರೆ ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಸಣ್ಣ ಪ್ಲಗ್‌ಗೆ ಅದು ಜಾಸ್ತಿ. ನಾವು ಮೊದಲು ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ ಅದು ಬಿಸಿಯಾಗಿ ವಾಸನೆ ಬಂದ ಮೇಲೆ 16 ಆಂಪಿಯರ್ ಸಾಕೆಟ್ ಹಾಕಿಸಿದೆವು. ಕರೆಂಟ್ ಖರ್ಚಿನ ಭಯ ನನಗೂ ಇತ್ತು. ಗೃಹಜ್ಯೋತಿ ಬಂದ ಮೇಲೆ ಯೂನಿಟ್ ಮಿತಿ ದಾಟಬಾರದಲ್ಲ, ಅದಕ್ಕೆ ಒಮ್ಮೆ ಮೀಟರ್ ನೋಡಿಯೇ ಲೆಕ್ಕ ಹಾಕಿದೆ. ಪ್ರಿಹೀಟ್ ಸೇರಿ ಒಂದು ಕೇಕಿಗೆ ಹೆಚ್ಚುಕಡಿಮೆ ಒಂದು ಯೂನಿಟ್. ರಾಡ್ ಆಗಾಗ ಆರಿ ಹತ್ತುವುದರಿಂದ ಪೂರ್ತಿ ಒಂದೂವರೆ ಆಗುವುದಿಲ್ಲ.

ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ಬಜೆಟ್ ಏಳು ಸಾವಿರ ಇದ್ದರೆ ಆರೂವರೆಯದ್ದು ನೋಡಿ, ಉಳಿದದ್ದರಲ್ಲಿ ಥರ್ಮಾಮೀಟರ್ ತಗೊಳ್ಳಿ. ಮೊದಲ ದಿನ ಕೇಕ್ ಇಡಬೇಡಿ. ಒಂದು ಚಮಚ ಸಕ್ಕರೆ ಇಟ್ಟು ನೋಡಿ. 170ಕ್ಕೇ ಕರಗಿದರೆ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಬದಲಿಸಿಕೊಳ್ಳಿ. ನನಗೆ ಆ ಅವಧಿ ಮುಗಿದು ಐದು ತಿಂಗಳಾದ ಮೇಲೆ ಗೊತ್ತಾಯಿತು. ಐದಕ್ಕೆ ಮೂರು ಸ್ಟಾರ್ ಕೊಡುತ್ತಿದ್ದೇನೆ. ಅತ್ತೆಯನ್ನು ಕೇಳಿದರೆ ಐದಕ್ಕೆ ಐದು ಅಂದರು.